‘ಒಂದೆರಡು ಕಡೆ’ ಎಂದರೆ ಎಲ್ಲಿ ಸ್ವಾಮಿ?

ಬಿಳೇಕಹಳ್ಳಿಯಲ್ಲಿ ನಾನಿರುವ ರಸ್ತೆಯ ಮೂಲೆಯಲ್ಲಿ ಒಬ್ಬ ಅಜ್ಜಿ ಹೂ ಮಾರುತ್ತಾರೆ. ನಾನು ಪಿಎಚ್‌.ಡಿ ಮಾಡುತ್ತಿರುವುದು ಮಳೆ ನಕ್ಷತ್ರಗಳ ಗಾದೆಗಳ ಮೇಲೆ ಎಂದು ಅವರಿಗೆ ಒಮ್ಮೆ ಬಾಯಿತಪ್ಪಿ ಹೇಳಿಬಿಟ್ಟೆ. ಅಂದಿನಿಂದ ದಿನವೂ ಒಂದೇ ಪ್ರಶ್ನೆ: “ಏನವ್ವಾ ಮಳೆ ಓದೋಳೇ, ಇವತ್ತು ಬರ್ತದಾ?”

ಇದು ಕಾಲಹರಣದ ಪ್ರಶ್ನೆಯಲ್ಲ. ಅವರು ಬೆಳಗಿನ ಜಾವ ಕೆ.ಆರ್. ಮಾರ್ಕೆಟ್ಟಿಗೆ ಹೋಗಿ ಹೂ ತರುತ್ತಾರೆ. ವ್ಯಾಪಾರ ನಡೆಯುವುದು ಸಂಜೆ ಐದರಿಂದ ಎಂಟರವರೆಗೆ. ಬೆಂಗಳೂರಿನ ಬೇಸಿಗೆ ಮಳೆ ಬರುವುದೂ ಹೆಚ್ಚಾಗಿ ಅದೇ ಹೊತ್ತಿಗೆ. ಮಳೆ ಬರುತ್ತದೆ ಎಂದು ಗೊತ್ತಿದ್ದರೆ ಅರ್ಧ ಹೂ ತರುತ್ತಾರೆ, ಇಲ್ಲವಾದರೆ ಪೂರ್ತಿ. ನೆಂದ ಮಲ್ಲಿಗೆಯನ್ನು ಮರುದಿನ ಯಾರೂ ಮೊಳ ಹಾಕಿಸಿಕೊಳ್ಳುವುದಿಲ್ಲ. ಅವರ ಒಂದು ದಿನದ ಲಾಭ ನಷ್ಟ ಪೂರ್ತಿಯಾಗಿ ಆ ಒಂದು ಉತ್ತರದ ಮೇಲೆ ನಿಂತಿರುತ್ತದೆ.

ನಾನು ಮೊಬೈಲ್ ತೆಗೆದು ಓದುತ್ತೇನೆ: “ಜಿಲ್ಲೆಯ ಒಂದೆರಡು ಕಡೆಗಳಲ್ಲಿ ಗುಡುಗು ಸಹಿತ ಸಾಧಾರಣ ಮಳೆಯಾಗುವ ಸಾಧ್ಯತೆ ಇದೆ.” ಅಜ್ಜಿ ಕೇಳುತ್ತಾರೆ, “ಆ ಒಂದೆರಡು ಕಡೆ ಅಂದ್ರೆ ಎಲ್ಲವ್ವಾ? ಇಲ್ಲೋ, ಯಲಹಂಕದಾಗೋ?”

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಆ ವಾಕ್ಯ ಬರೆದವರಲ್ಲೂ ಇಲ್ಲ. ಈ ವಾಕ್ಯ ಎಂದಿಗೂ ತಪ್ಪಾಗುವುದಿಲ್ಲ, ನನ್ನ ತಕರಾರು ಇರುವುದೇ ಅಲ್ಲಿ. ಮಳೆ ಬಂದರೆ “ಸಾಧ್ಯತೆ ಇದೆ ಎಂದಿದ್ದೆವು”. ಬರದಿದ್ದರೆ “ಬರೀ ಸಾಧ್ಯತೆ ಎಂದಿದ್ದೆವು”. ಯಲಹಂಕದಲ್ಲಿ ಹನಿದು ಬಿಳೇಕಹಳ್ಳಿ ಒಣಗಿದ್ದರೆ “ಒಂದೆರಡು ಕಡೆ ಎಂದಿರಲಿಲ್ಲವೇ?” ತಪ್ಪಾಗಲು ಸಾಧ್ಯವೇ ಇಲ್ಲದ ಮಾತನ್ನು ಮುನ್ಸೂಚನೆ ಎಂದು ಕರೆಯುವುದು ಭಾಷೆಗೆ ಮಾಡುವ ಅನ್ಯಾಯ.

ನನ್ನ ಅಕ್ಕ ಅಮೆರಿಕದ ಬಫಲೋ ನಗರದಲ್ಲಿದ್ದಾಳೆ. ಅಲ್ಲಿನ ಚಳಿಗಾಲದ ಹಿಮಪಾತ ವಿಚಿತ್ರವಾದದ್ದು. ಈರಿ ಸರೋವರದ ಬೆಚ್ಚಗಿನ ನೀರಿನ ಮೇಲೆ ಶೀತಗಾಳಿ ಹಾದುಬಂದು, ತೇವ ಹೀರಿ, ಉದ್ದನೆಯ ಕಿರಿದಾದ ಪಟ್ಟಿಯಾಗಿ ದಡದ ಮೇಲೆ ಹಿಮ ಸುರಿಸುತ್ತದೆ. 2014ರ ನವೆಂಬರ್‌ನಲ್ಲಿ ನಗರದ ದಕ್ಷಿಣದ ಊರುಗಳಲ್ಲಿ ಐದು ಅಡಿಗೂ ಹೆಚ್ಚು ಹಿಮ ಬಿದ್ದರೆ, ಕೆಲವೇ ಮೈಲಿ ಉತ್ತರಕ್ಕೆ ಬಿದ್ದದ್ದು ಕೆಲವೇ ಇಂಚು. ಒಂದೇ ಜಿಲ್ಲೆ, ಎರಡು ಲೋಕ. ಆದ್ದರಿಂದ ಅಲ್ಲಿನ ಮುನ್ಸೂಚಕರು ಜಿಲ್ಲೆಯ ಹೆಸರು ಹೇಳಿ ಸುಮ್ಮನಾಗುವುದಿಲ್ಲ. ಪಟ್ಟಿ ಎಲ್ಲಿ ನಿಲ್ಲಬಹುದು, ಎಷ್ಟು ಹೊತ್ತಿಗೆ ಯಾವ ಕಡೆ ಸರಿಯಬಹುದು, ಗಂಟೆಗೆ ಎಷ್ಟು ಇಂಚು ಬೀಳಬಹುದು ಎಂದು ಹೇಳುತ್ತಾರೆ. ಒಮ್ಮೊಮ್ಮೆ ತಪ್ಪುತ್ತಾರೆ. ತಪ್ಪಿದ್ದು ಎಲ್ಲರಿಗೂ ಗೊತ್ತಾಗುತ್ತದೆ, ಏಕೆಂದರೆ ಅವರು ತಪ್ಪಬಹುದಾದ ಮಾತನ್ನೇ ಆಡಿರುತ್ತಾರೆ.

“ಹಿಮಕ್ಕೂ ನಮ್ಮ ಗುಡುಗು ಮಳೆಗೂ ಏನು ಹೋಲಿಕೆ?” ಎಂದು ವಿಜ್ಞಾನ ಓದಿದ ಗೆಳೆಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಸರೋವರದ ಹಿಮಪಟ್ಟಿ ಗಂಟೆಗಟ್ಟಲೆ ಒಂದೆಡೆ ನಿಲ್ಲುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ತಲೆಯ ಮೇಲೆ ಹುಟ್ಟುವ ಗುಡುಗು ಮೋಡ ಐದು ಹತ್ತು ಕಿಲೋಮೀಟರ್ ಅಗಲದ್ದು, ಅದರ ಆಯುಸ್ಸು ಹೆಚ್ಚೆಂದರೆ ಒಂದು ಗಂಟೆ. ಮಧ್ಯಾಹ್ನದ ಕಾವಿಗೆ ಎದ್ದ ಗಾಳಿಗೆ ಕಡಲ ತೇವ ಸಿಕ್ಕರೆ ಅದು ಬನಶಂಕರಿಯಲ್ಲಿ ಹುಟ್ಟುತ್ತದೋ ಬಿಟಿಎಂನಲ್ಲೋ ಎಂದು ಹಿಂದಿನ ದಿನವೇ ಹೇಳಲು ಯಾವ ಕಂಪ್ಯೂಟರಿಗೂ ಆಗದು. ಇದನ್ನು ಒಪ್ಪುತ್ತೇನೆ. ಹಿಂದಿನ ದಿನ ಊರಿನ ಹೆಸರು ಹೇಳಿ ಎಂದು ನಾನು ಕೇಳುತ್ತಿಲ್ಲ.

ನಾನು ಕೇಳುತ್ತಿರುವುದು ಮೋಡ ಹುಟ್ಟಿದ ಮೇಲಿನ ಮಾತು. ಹುಟ್ಟಿದ ಮೋಡವನ್ನು ನೋಡುತ್ತಾ, ಅದು ಸಾಗುವ ದಿಕ್ಕು ಹಿಡಿದು, ಮುಂದಿನ ಒಂದೆರಡು ಗಂಟೆಯಲ್ಲಿ ಯಾವ ಬಡಾವಣೆಯ ಮೇಲೆ ಸುರಿಯಬಹುದು ಎಂದು ಹೇಳುವ ವಿದ್ಯೆ ಇದೆ. ಅದಕ್ಕೆ ಬೇಕಾದದ್ದು ಕಣ್ಣು, ಅಂದರೆ ಡಾಪ್ಲರ್ ರಾಡಾರ್. ಬೆಂಗಳೂರು ಬಹುಕಾಲ ತನ್ನ ಆಕಾಶವನ್ನು ಚೆನ್ನೈನ ರಾಡಾರಿನ ಕಣ್ಣಿನಿಂದ ನೋಡಿಕೊಂಡು ಬಂತು. ಚೆನ್ನೈ ಇಲ್ಲಿಂದ ನೇರ ದಾರಿಯಲ್ಲಿ ಸುಮಾರು 290 ಕಿ.ಮೀ. ಭೂಮಿ ಗುಂಡಗಿದೆ. ಅಲ್ಲಿಂದ ನೆಲಕ್ಕೆ ಸಮನಾಗಿ ಬಿಟ್ಟ ಕಿರಣವೂ ಇಲ್ಲಿಗೆ ಮುಟ್ಟುವಷ್ಟರಲ್ಲಿ ಸಮುದ್ರಮಟ್ಟದಿಂದ ಸುಮಾರು ಐದು ಕಿ.ಮೀ. ಮೇಲಿರುತ್ತದೆ. ನಮ್ಮ ಊರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದ್ದರೂ, ನಮ್ಮ ತಲೆಯ ಮೇಲಿನ ನಾಲ್ಕು ಕಿಲೋಮೀಟರ್ ಆಕಾಶ ಅದಕ್ಕೆ ಕಾಣುವುದೇ ಇಲ್ಲ. ಮೋಡದ ನೆತ್ತಿ ಕಂಡೀತು, ಮಳೆ ಸುರಿಯುವ ಹೊಟ್ಟೆ ಕಾಣದು. ಕೋಟಿಗೂ ಮೀರಿದ ಜನರ ನಗರ ನೆರೆಮನೆಯ ಕಿಟಕಿಯಿಂದ ತನ್ನ ಅಂಗಳ ನೋಡಿದ ಹಾಗೆ. ನಮಗೂ ರಾಡಾರ್ ಬರುತ್ತದೆ ಎಂಬ ಸುದ್ದಿಯನ್ನು ನಾನು ಡಿಗ್ರಿ ಓದುವಾಗಿನಿಂದ ಪತ್ರಿಕೆಗಳಲ್ಲಿ ಓದುತ್ತಾ ಬಂದಿದ್ದೇನೆ.

ನಮ್ಮಲ್ಲಿ ಅಳೆಯುವ ಸಂಪ್ರದಾಯಕ್ಕೆ ಬರವಿಲ್ಲ. 19ನೇ ಶತಮಾನದ ಕೊನೆಯ ದಶಕದಲ್ಲೇ ಮೈಸೂರು ಸಂಸ್ಥಾನ ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಅವರ ಕೈಗೆ ಹವಾಮಾನದ ಕೆಲಸ ಒಪ್ಪಿಸಿ, ಬೆಂಗಳೂರಿನಲ್ಲಿ ವೀಕ್ಷಣಾಲಯ ಕಟ್ಟಿತು. 1988ರಲ್ಲಿ ಬರಗಾಲದ ಮೇಲೆ ಕಣ್ಣಿಡಲು ರಾಜ್ಯ ಒಂದು ಘಟಕ ತೆರೆಯಿತು. ಅದೇ ಬೆಳೆದು ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಅದರ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳು ಗ್ರಾಮ ಪಂಚಾಯಿತಿಗಳವರೆಗೂ ಹರಡಿ, ಪ್ರತಿ 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ರೈತರಿಗೆ ‘ವರುಣಮಿತ್ರ’ ಸಹಾಯವಾಣಿ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಜೊತೆಗೂಡಿ ಬೆಂಗಳೂರಿಗಾಗಿ ತಂದ ಆ್ಯಪ್‌ಗೆ ‘ಮೇಘಸಂದೇಶ’ ಎಂದು ಹೆಸರು. ಹೆಸರಿಟ್ಟವರು ರಸಿಕರೇ ಇರಬೇಕು. ಆದರೆ ಕಾಳಿದಾಸನ ಯಕ್ಷ ಮೋಡಕ್ಕೆ “ಉತ್ತರ ಭಾರತದ ಒಂದೆರಡು ಕಡೆ ಹೋಗು” ಎಂದು ಹೇಳಿ ಕಳಿಸಲಿಲ್ಲ. ಯಾವ ಬೆಟ್ಟ, ಯಾವ ನದಿ, ದಾರಿ ಡೊಂಕಾದರೂ ಯಾಕೆ ಉಜ್ಜಯಿನಿಯನ್ನು ನೋಡಿಯೇ ಹೋಗಬೇಕು, ಎಲ್ಲ ಹೇಳಿದ. ಬೇಂದ್ರೆಯವರು ಅದನ್ನು ಕನ್ನಡಕ್ಕೂ ತಂದುಕೊಟ್ಟರು. ನಮ್ಮ ಸರ್ಕಾರಿ ಕನ್ನಡಕ್ಕೆ ಮಾತ್ರ ಆ ನಿಖರತೆ ದಾಟಲಿಲ್ಲ.

ಈಗ ಆ ಕನ್ನಡದ ವಿಷಯಕ್ಕೆ ಬರುತ್ತೇನೆ. ‘ಒಂದೆರಡು ಕಡೆ’ ಎಂಬುದು ಉಡಾಫೆಯ ಮಾತಲ್ಲ, ಹವಾಮಾನ ಇಲಾಖೆಯ ಪರಿಭಾಷೆ. ಒಂದು ಪ್ರದೇಶದ ಮಾಪನ ಕೇಂದ್ರಗಳಲ್ಲಿ ಕಾಲು ಭಾಗ ಅಥವಾ ಅದಕ್ಕಿಂತ ಕಡಿಮೆ ಕಡೆ ಮಳೆಯಾದರೆ ಅದು ‘ಒಂದೆರಡು ಕಡೆ’. ಕಾಲಿನಿಂದ ಅರ್ಧದವರೆಗೆ ‘ಕೆಲವು ಕಡೆ’. ಮುಕ್ಕಾಲು ದಾಟಿದರೆ ‘ಬಹುತೇಕ ಎಲ್ಲ ಕಡೆ’. ಈ ಅರ್ಥವನ್ನು ಓದುಗರಿಗೆ ಯಾರೂ ಹೇಳಿಕೊಟ್ಟಿಲ್ಲ. ಹೂವಿನಜ್ಜಿಗೆ “ನಿಮ್ಮ ಮೇಲೆ ಬೀಳುವ ಸಂಭವ ನಾಲ್ಕರಲ್ಲಿ ಒಂದು ಪಾಲು ಅಥವಾ ಅದಕ್ಕೂ ಕಡಿಮೆ” ಎಂದರೆ ತಕ್ಷಣ ಅರ್ಥವಾಗುತ್ತದೆ. ಚೀಟಿ ಹಾಕುವವರಿಗೆ, ಬಡ್ಡಿ ಲೆಕ್ಕ ಬಲ್ಲವರಿಗೆ ಸಂಭವದ ಲೆಕ್ಕ ಕಷ್ಟವಲ್ಲ. ಕಷ್ಟವಾಗಿರುವುದು ಹೇಳುವವರಿಗೆ.

ಇನ್ನೂ ಅಪಾಯದ ಪದ ‘ಸಾಧಾರಣ’. ಇಲಾಖೆಯ ವರ್ಗೀಕರಣದಲ್ಲಿ 24 ಗಂಟೆಯಲ್ಲಿ 15.6ರಿಂದ 64.4 ಮಿ.ಮೀ. ಬಿದ್ದರೆ ಸಾಧಾರಣ ಮಳೆ, 64.5 ದಾಟಿದರೆ ಭಾರಿ. ಹೊಲಕ್ಕೆ ಈ ಲೆಕ್ಕ ಸರಿ. ಬಿಳೇಕಹಳ್ಳಿಗೆ? ಐವತ್ತು ಮಿ.ಮೀ. ಮಳೆ ದಿನವಿಡೀ ಜಿನುಗಿದರೆ ನಾವು ಬಜ್ಜಿ ತಿಂದು ಕವಿತೆ ಬರೆಯುತ್ತೇವೆ. ಅದೇ ಐವತ್ತು ಮುಕ್ಕಾಲು ಗಂಟೆಯಲ್ಲಿ ಸುರಿದರೆ ಬನ್ನೇರುಘಟ್ಟ ರಸ್ತೆ ಹೊಳೆಯಾಗುತ್ತದೆ, ನೆಲಮಾಳಿಗೆಗಳು ಬಾವಿಯಾಗುತ್ತವೆ. ಕಾಂಕ್ರೀಟಿನ ಊರಿಗೆ ಎಷ್ಟು ಬಿತ್ತು ಎನ್ನುವಷ್ಟೇ ಮುಖ್ಯ ಎಷ್ಟು ಹೊತ್ತಿನಲ್ಲಿ ಬಿತ್ತು ಎನ್ನುವುದು. ಕಡತದಲ್ಲಿ ಎರಡಕ್ಕೂ ಹೆಸರು ಒಂದೇ: ಸಾಧಾರಣ.

2023ರ ಮೇ 21, ಭಾನುವಾರ. ಆಲಿಕಲ್ಲಿನೊಡನೆ ಬಂದ ಮಳೆಗೆ ಕೆ.ಆರ್. ಸರ್ಕಲ್ಲಿನ ಅಂಡರ್‌ಪಾಸ್ ತುಂಬಿತು. ಕಾರಿನಲ್ಲಿ ಸಿಲುಕಿದ 22 ವರ್ಷದ ಯುವತಿ ತೀರಿಕೊಂಡಳು. ವಿಧಾನಸೌಧ ಅಲ್ಲಿಂದ ಕೂಗಳತೆ. 2025ರ ಮೇ 18ರ ರಾತ್ರಿ ಮತ್ತೆ ಸುರಿಯಿತು. ಕೆಂಗೇರಿಯಲ್ಲಿ 132 ಮಿ.ಮೀ. ಮರುದಿನ ಸಂಜೆ ನಮ್ಮ ಪಕ್ಕದ ಎನ್.ಎಸ್. ಪಾಳ್ಯದ ಅಪಾರ್ಟ್‌ಮೆಂಟಿನಲ್ಲಿ ನೆಲಮಾಳಿಗೆಯ ನೀರು ಹೊರಹಾಕುವಾಗ ವಿದ್ಯುತ್ ತಗುಲಿ ಒಬ್ಬ ಹಿರಿಯರೂ ಒಬ್ಬ ಬಾಲಕನೂ ಸತ್ತರು. ನಾನಿರುವ ಕಟ್ಟಡದಲ್ಲೂ ಆ ದಿನ ನೀರು ನುಗ್ಗಿತ್ತು. ನಾನೂ ಬರಿಗಾಲಿನಲ್ಲಿ ಕೆಳಗಿಳಿದು ಸ್ಕೂಟರ್ ಎಳೆದು ತಂದಿದ್ದೆ. ಅವರಿಗೂ ನನಗೂ ಇದ್ದ ವ್ಯತ್ಯಾಸ ಬುದ್ಧಿಯದಲ್ಲ, ಒಂದು ತಂತಿಯದು. ಆ ಬಾಲಕನ ಸುದ್ದಿ ಓದಿದ ಮೇಲೆ ‘ಸಾಧಾರಣ’ ಎಂಬ ಪದವನ್ನು ನಾನು ಸಾಧಾರಣವಾಗಿ ಓದಲಾರೆ.

“ಇದಕ್ಕೆಲ್ಲ ಕಾರಣ ರಾಜಕಾಲುವೆ ಒತ್ತುವರಿ, ಮುನ್ಸೂಚನೆ ಅಲ್ಲ” ಎನ್ನುವವರಿದ್ದಾರೆ. ಕಾರಣ ಅದೇ. ಮುನ್ಸೂಚನೆ ಕಾಲುವೆಯ ಹೂಳು ತೆಗೆಯುವುದಿಲ್ಲ. ಬಫಲೋದಲ್ಲೇ ನೋಡಿ: 2022ರ ಡಿಸೆಂಬರಿನ ಹಿಮಬಿರುಗಾಳಿಯ ಬಗ್ಗೆ ದಿನಗಳ ಮೊದಲೇ ಎಚ್ಚರಿಕೆ ಇತ್ತು. ಸಂಚಾರ ನಿಷೇಧ ಜಾರಿಯಾಗುವ ಹೊತ್ತಿಗೆ ತಡವಾಗಿತ್ತು, 40ಕ್ಕೂ ಹೆಚ್ಚು ಜನ ಸತ್ತರು. ಎಚ್ಚರಿಕೆ ಇದ್ದ ಮಾತ್ರಕ್ಕೆ ಜೀವ ಉಳಿಯುವುದಿಲ್ಲ. ಆದರೆ ಅಲ್ಲಿ “ನಿಮಗೆ ಗೊತ್ತಿತ್ತು, ಯಾಕೆ ಮಾಡಲಿಲ್ಲ?” ಎಂದು ಆಳುವವರನ್ನು ಕೇಳಲು ಜನರಿಗೆ ಸಾಧ್ಯವಾಯಿತು. ನಮ್ಮಲ್ಲಿ ಪ್ರತಿ ಪ್ರವಾಹದ ಮರುದಿನ ‘ಅನಿರೀಕ್ಷಿತ ಮಳೆ’ ಎಂಬ ಹೇಳಿಕೆ ಬರುತ್ತದೆ. ಮಸುಕು ಮುನ್ಸೂಚನೆ ಆ ಹೇಳಿಕೆಗೆ ಕೊಡೆ ಹಿಡಿಯುತ್ತದೆ. ಕಾಲುವೆಯ ಜಗಳ ಹತ್ತು ವರ್ಷದ್ದು. ಇವತ್ತು ಸಂಜೆ ಮೋಟಾರಿನ ಸ್ವಿಚ್ ಆರಿಸಬೇಕೇ, ಅಂಡರ್‌ಪಾಸಿಗೆ ಅಡ್ಡಪಟ್ಟಿ ಹಾಕಬೇಕೇ ಎಂಬುದು ಎರಡು ಗಂಟೆಯ ಪ್ರಶ್ನೆ. ಮೊದಲನೆಯದು ಬಗೆಹರಿಯಲಿಲ್ಲವೆಂದು ಎರಡನೆಯದಕ್ಕೆ ಉತ್ತರ ಕೊಡದಿರುವುದು ಯಾವ ನ್ಯಾಯ?

ಇನ್ನೊಂದು ಗುಂಪು ನನ್ನದೇ ವಿಭಾಗದ್ದು. “ನಮ್ಮ ಹಿರಿಯರು ಇರುವೆ ನೋಡಿ ಮಳೆ ಹೇಳುತ್ತಿದ್ದರು, ಈ ಉಪಗ್ರಹ ಯಾಕೆ ಬೇಕು?” ಎಂದು ವಿಚಾರಸಂಕಿರಣಗಳಲ್ಲಿ ಚಪ್ಪಾಳೆ ಗಿಟ್ಟಿಸುವವರು. ನಾಲ್ಕು ವರ್ಷದಿಂದ ಆ ಗಾದೆಗಳನ್ನೇ ಸಂಗ್ರಹಿಸುತ್ತಿರುವವಳಾಗಿ ಹೇಳುತ್ತೇನೆ: ಗಾದೆಗಳಿಗೆ ಇದು ಮರ್ಯಾದೆಯಲ್ಲ. ಅಶ್ವಿನಿಯಿಂದ ಸ್ವಾತಿ, ವಿಶಾಖೆಯವರೆಗಿನ ಲೆಕ್ಕ ಹದಿಮೂರು ಹದಿನಾಲ್ಕು ದಿನಗಳ ಕಂತಿನದು. ಯಾವಾಗ ಉಳಬೇಕು, ಯಾವಾಗ ಬಿತ್ತಬೇಕು ಎಂದು ತೀರ್ಮಾನಿಸುವವರ ಲೆಕ್ಕ ಅದು. ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸಿದವರ ಲೆಕ್ಕವಲ್ಲ. ಆದರೂ ಆ ಗಾದೆಗಳಲ್ಲಿ ನಮ್ಮ ಪ್ರಕಟಣೆಗಳಲ್ಲಿಲ್ಲದ ಒಂದು ಪ್ರಾಮಾಣಿಕತೆ ಇದೆ. ಚಿತ್ತೆ ಮಳೆಯನ್ನು ನಮ್ಮವರು ಕುರುಡು ಚಿತ್ತೆ ಎಂದರು. ಕಣ್ಣಿಲ್ಲದವರು ಎರಚಿದ ಹಾಗೆ, ಬಿದ್ದಲ್ಲಿ ಬಿತ್ತು, ಇಲ್ಲದಲ್ಲಿ ಇಲ್ಲ. ‘ಒಂದೆರಡು ಕಡೆ’ ಎನ್ನುವುದೂ ಅದನ್ನೇ. ವ್ಯತ್ಯಾಸವೆಂದರೆ, ಗಾದೆ ತನಗೆ ತಿಳಿಯದ್ದನ್ನು ತಿಳಿಯದು ಎಂದೇ ಹೇಳಿತು. ಪ್ರಕಟಣೆ ಅದನ್ನು ತಿಳಿವಳಿಕೆಯ ಧಾಟಿಯಲ್ಲಿ ಹೇಳುತ್ತದೆ.

ಹಾಗಾದರೆ ಏನು ಬೇಕು? ನನ್ನ ಬೇಡಿಕೆ ಮೂರು. ಒಂದು, ನಗರಕ್ಕೆ ಗಂಟೆಯ ಲೆಕ್ಕದ ಮಳೆಯ ವರ್ಗೀಕರಣ ಬೇಕು. ಎರಡು, ಮೋಡ ಹುಟ್ಟಿದ ಮೇಲೆ ಇಡೀ ಜಿಲ್ಲೆಗೆ ಹಳದಿ ಬಣ್ಣ ಬಳಿಯುವ ಬದಲು, ಬಡಾವಣೆಯ ಹೆಸರು ಹಿಡಿದು ಎಚ್ಚರಿಕೆ ಕೊಡಬೇಕು. ಅದೂ ಓದಲು ಬಾರದವರಿಗೂ ಮುಟ್ಟುವಂತೆ, ದನಿಯಲ್ಲಿ, ಆಡುವ ಕನ್ನಡದಲ್ಲಿ: “ಇನ್ನೊಂದು ಗಂಟೆಯಲ್ಲಿ ಅರೆಕೆರೆ, ಹುಳಿಮಾವು, ಬಿಳೇಕಹಳ್ಳಿ ಕಡೆ ಜೋರು ಮಳೆ ಬರಬಹುದು, ನೆಲಮಾಳಿಗೆಗೆ ಇಳಿಯಬೇಡಿ.” ಮೂರು, ಪ್ರತಿ ತಿಂಗಳ ಕೊನೆಗೆ ಲೆಕ್ಕ ಒಪ್ಪಿಸಬೇಕು. ಇಷ್ಟು ಸಲ ಹೇಳಿದೆವು, ಇಷ್ಟು ಸಲ ಸರಿಯಾಯಿತು, ಇಷ್ಟು ಸಲ ಹೇಳದೆಯೇ ಮಳೆ ಬಂತು. ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುವ ಮಾಪಕಗಳಿರುವಾಗ ಇದು ದೊಡ್ಡ ಕೆಲಸವಲ್ಲ. ಬೇಕಾದದ್ದು ತಪ್ಪನ್ನು ಬಹಿರಂಗವಾಗಿ ಒಪ್ಪುವ ಧೈರ್ಯ.

ಸುಳ್ಳು ಎಚ್ಚರಿಕೆ ಕೊಟ್ಟರೆ ಜನ ನಂಬಿಕೆ ಕಳೆದುಕೊಳ್ಳುತ್ತಾರೆ ಎಂಬ ಭಯ ಅಧಿಕಾರಿಗಳಿಗೆ ಇರಬಹುದು. ಈ ಮಾತನ್ನು ಅಜ್ಜಿಯ ಮುಂದಿಟ್ಟೆ. ಅವರು ಕಾಕಡ ಕಟ್ಟುತ್ತಾ, ತಲೆ ಎತ್ತದೆ ಹೇಳಿದರು: “ಹತ್ತು ಸಲ ಹೇಳಿ ನಾಕು ಸಲ ತಪ್ಪಾದ್ರೆ ನಾನೇನು ಬೈಯಾಕಿಲ್ಲ. ಬುಟ್ಟಿ ಮುಚ್ಚಿದ್ದು ದಂಡವಾಯ್ತು, ಅಷ್ಟೇ ತಾನೆ. ಏನೂ ಹೇಳ್ದೆ ಎಲ್ಲಾ ಹೇಳ್ದಂಗೆ ಮಾತಾಡ್ತಾರಲ್ಲ, ಅವರನ್ನ ಎಂಗೆ ನಂಬೋದು?”

ಆ ಸಂಜೆ ಮಳೆ ಬರಲಿಲ್ಲ. ಅವರು ಅರ್ಧ ಹೂವನ್ನಷ್ಟೇ ತಂದಿದ್ದರು.