ತೋಟ ಒತ್ತೆ ಇಡುವ ಮೊದಲು ಗಂಟೆ ಎಣಿಸಿ

ಅರಸೀಕೆರೆ, ಬೇಲೂರು, ಹಳೇಬೀಡು ಸುತ್ತಿನ ಮನೆಮನೆಗೆ

ಅರಸೀಕೆರೆ ಜಂಕ್ಷನ್ನಿನಲ್ಲಿ ಬೆಂಗಳೂರಿನ ರೈಲು ಹತ್ತುವ ಮಕ್ಕಳಲ್ಲಿ ಕೆಲವರ ಪ್ರಯಾಣ ಈಗ ಬೆಂಗಳೂರಿಗೆ ನಿಲ್ಲುವುದಿಲ್ಲ. ಅಲ್ಲಿಂದ ಟೋಕಿಯೊ, ಬರ್ಲಿನ್, ಡಬ್ಲಿನ್. ಹೋದ ಕೂಡಲೇ ಡಿಗ್ರಿಗೆ ಸೇರುವುದೂ ಇಲ್ಲ. ಮೊದಲು ಭಾಷಾ ಶಾಲೆ, ಆಮೇಲೆ ಕಾಲೇಜು, ಆಮೇಲೆ ಕೆಲಸ. ಈ ದಾರಿ ತೋರಿಸುವವರು ಕೊನೆಗೆ ಒಂದು ಸಮಾಧಾನದ ಮಾತನ್ನೂ ಸೇರಿಸುತ್ತಾರೆ: "ಖರ್ಚಿನ ಚಿಂತೆ ಬಿಡಿ ಸ್ವಾಮಿ, ಪಾರ್ಟ್‌ಟೈಮ್ ಮಾಡ್ಕೊಂಡು ಅವನೇ ಸಾಲ ತೀರಿಸ್ತಾನೆ."

ಈ ಕರಪತ್ರದ ತಕರಾರು ಆ ಮಾತಿನ ಮೇಲೆ. ಹೊರದೇಶಕ್ಕೆ ಹೋಗಬಾರದು ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಅಲ್ಲಿನ ಪಾರ್ಟ್‌ಟೈಮ್ ಸಂಬಳವನ್ನು ಇಲ್ಲಿನ ಮನೆ ಲೆಕ್ಕದಲ್ಲಿ ಮೊದಲೇ ಜಮೆ ಬರೆದುಕೊಂಡು ಸಾಲ ಎತ್ತಬಾರದು ಎನ್ನುವುದಷ್ಟೇ ವಾದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರಿಗೆ ಕಳೆದುಹೋಗುವುದು ಒಂದು ತುಂಡು ಬಟ್ಟೆ. ಇಲ್ಲಿ ಹೋಗುವುದು ತೋಟ.

ಮೊದಲನೆಯದಾಗಿ, 'ಪಾರ್ಟ್‌ಟೈಮ್' ಎಂಬ ಪದಕ್ಕೆ ದೇಶಕ್ಕೊಂದು ಅರ್ಥವಿದೆ. ಬ್ರಿಟನ್ ಇಂಗ್ಲಿಷ್ ಕಲಿಕೆಗೆಂದೇ ಕೊಡುವ 6ರಿಂದ 11 ತಿಂಗಳ ವೀಸಾದಲ್ಲಿ ಒಂದು ಗಂಟೆ ದುಡಿಯುವುದಕ್ಕೂ ಅನುಮತಿ ಇಲ್ಲ. ಕೆನಡಾದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ 2024ರ ನವೆಂಬರ್‌ನಿಂದ ವಾರಕ್ಕೆ 24 ಗಂಟೆ ಹೊರಗೆ ದುಡಿಯುವ ಅವಕಾಶ ಸಿಕ್ಕಿತು. ಬರೀ ಇಂಗ್ಲಿಷ್ ಅಥವಾ ಫ್ರೆಂಚ್ ಕಲಿಯಲು ಸೇರಿದವರಿಗೆ ಅದು ಅನ್ವಯಿಸುವುದಿಲ್ಲ. ಅಮೆರಿಕದಲ್ಲಿ ಮೊದಲ ವರ್ಷ ಕ್ಯಾಂಪಸ್ಸಿನ ಗೇಟು ದಾಟಿ ಕೆಲಸ ಮಾಡುವ ಹಾಗಿಲ್ಲ. ಐರ್ಲೆಂಡ್ ಶಾಲೆಯ ದಿನಗಳಲ್ಲಿ ವಾರಕ್ಕೆ 20 ಗಂಟೆ ಕೊಡುತ್ತದೆ, ಆದರೆ ಇಂಗ್ಲಿಷ್ ಕಲಿಯುವವರ ಹಾಜರಿ 85 ಪರ್ಸೆಂಟ್ ಇರಲೇಬೇಕು. ಆಸ್ಟ್ರೇಲಿಯಾದಲ್ಲಿ 14 ದಿನಕ್ಕೊಮ್ಮೆ ಲೆಕ್ಕ: 2023ರ ಜುಲೈನಿಂದ 48 ಗಂಟೆ, ಅದೂ ಕೋರ್ಸ್ ಶುರುವಾದ ಮೇಲೆ. ಗೋಡೆಯ ಮೇಲಿನ ಪೋಸ್ಟರಿನಲ್ಲಿ ಈ ದೇಶಗಳ ಬಾವುಟಗಳೆಲ್ಲ ಒಂದೇ ಸಾಲಿನಲ್ಲಿ ನಿಂತಿರುತ್ತವೆ.

ಜಪಾನಿನ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿ ಪಾರ್ಟ್‌ಟೈಮ್ ಕೆಲಸಕ್ಕೆ 'ಅರುಬೈಟೊ' ಎನ್ನುತ್ತಾರೆ. ಕೆಲಸಕ್ಕೆ ಜರ್ಮನ್ನರು ಹೇಳುವ 'ಆರ್ಬೈಟ್' ಸಮುದ್ರ ದಾಟಿ ಹೋಗಿ ಹೀಗಾಗಿದೆ. ವಿದ್ಯಾರ್ಥಿ ವೀಸಾ ಎಂದರೆ ಓದುವುದಕ್ಕೆ ಮಾತ್ರ. ದುಡಿಯಲು ಬೇರೆ ಅನುಮತಿ ಪಡೆಯಬೇಕು, ಪಡೆದ ಮೇಲೂ ವಾರಕ್ಕೆ 28 ಗಂಟೆ ಮಿತಿ. ವಾರವೆಂದರೆ ಸೋಮವಾರದಿಂದ ಭಾನುವಾರ ಎಂದುಕೊಂಡರೆ ಎಡವಟ್ಟು. ಯಾವ ದಿನದಿಂದ ಎಣಿಸಿದರೂ ಏಳು ದಿನಕ್ಕೆ 28 ದಾಟಬಾರದು. ಎರಡು ಅಂಗಡಿಯಲ್ಲಿ ದುಡಿದರೆ ಎರಡೂ ಕೂಡಿಸಿಯೇ 28. ಶಾಲೆಯ ದೀರ್ಘ ರಜೆಯಲ್ಲಿ ಮಾತ್ರ ದಿನಕ್ಕೆ 8 ಗಂಟೆ. ಬಾರು, ಪಚಿಂಕೊ ಜೂಜಿನಂಗಡಿಗಳಲ್ಲಿ ನೆಲ ಒರೆಸುವ ಕೆಲಸವೂ ನಿಷಿದ್ಧ.

ಇನ್ನು ದುಡ್ಡು. ಟೋಕಿಯೊದಲ್ಲಿ 2025ರ ಅಕ್ಟೋಬರ್‌ನಿಂದ ಕನಿಷ್ಠ ಕೂಲಿ ಗಂಟೆಗೆ 1,226 ಯೆನ್. ಒಂದು ಗಂಟೆಯನ್ನೂ ಬಿಡದೆ ನಾಲ್ಕು ವಾರ ದುಡಿದರೆ 1,37,000 ಯೆನ್ ಚಿಲ್ಲರೆ. ಯೆನ್ನಿಗೆ 58 ಪೈಸೆ ಹಿಡಿದರೆ ಸುಮಾರು 80 ಸಾವಿರ ರೂಪಾಯಿ. ಹಳೇಬೀಡಿನಲ್ಲಿ ಕೂತು ಕೇಳಿದರೆ ಕಿವಿ ನೆಟ್ಟಗಾಗುವ ಮೊತ್ತವೇ. ಆದರೆ ಭಾಷಾ ಶಾಲೆಯ ಫೀಸು ವರ್ಷಕ್ಕೆ ಸುಮಾರು 7ರಿಂದ 8 ಲಕ್ಷ ಯೆನ್. ತಿಂಗಳಿಗೆ ಹಂಚಿದರೆ ಸಂಬಳದ ಹತ್ತಿರ ಹತ್ತಿರ ಅರ್ಧ ಅಲ್ಲಿಗೇ ಮುಗಿಯಿತು. ಮಿಕ್ಕ 70 ಸಾವಿರ ಯೆನ್ನಿನಲ್ಲಿ ಟೋಕಿಯೊದ ಕೋಣೆ ಬಾಡಿಗೆ, ಅಕ್ಕಿ, ಮೆಟ್ರೊ, ಆರೋಗ್ಯ ವಿಮೆ. ಊರಿನ ಸಾಲದ ಕಂತು ಇದರಲ್ಲಿ ಎಲ್ಲಿಂದ ಹುಟ್ಟಬೇಕು?

ಹುಟ್ಟದಿದ್ದಾಗ ಹುಡುಗರು 28ರ ಗೆರೆ ದಾಟುತ್ತಾರೆ. ರಾತ್ರಿ ಪಾಳಿ, ಬೆಳಗಿನ ತರಗತಿಯಲ್ಲಿ ನಿದ್ದೆ, ಹಾಜರಿ ಕುಸಿತ, ವೀಸಾ ನವೀಕರಣಕ್ಕೆ ಹೋದಾಗ ನಿರಾಕರಣೆ. ಟೋಕಿಯೊದ ಒಂದು ವಿಶ್ವವಿದ್ಯಾಲಯದಿಂದ ಮೂರು ವರ್ಷಗಳಲ್ಲಿ 1,600ಕ್ಕೂ ಹೆಚ್ಚು ವಿದೇಶಿ ವಿದ್ಯಾರ್ಥಿಗಳು ಪತ್ತೆ ಇಲ್ಲದಂತಾದರು ಎಂಬುದು 2019ರಲ್ಲಿ ಬಯಲಾಗಿ, ಅಲ್ಲಿನ ಸರ್ಕಾರ ತನಿಖೆಗೆ ಇಳಿಯಿತು. ಐರ್ಲೆಂಡಿನಲ್ಲಿ 2014–15ರ ಹೊತ್ತಿಗೆ ಹತ್ತಕ್ಕೂ ಹೆಚ್ಚು ಖಾಸಗಿ ಕಾಲೇಜುಗಳು ಬಾಗಿಲು ಹಾಕಿದವು. ಅವುಗಳಲ್ಲಿ ಇಂಗ್ಲಿಷ್ ಕಲಿಸುವ ಶಾಲೆಗಳೇ ಹೆಚ್ಚು. ಫೀಸು ಕಟ್ಟಿದ್ದವರು ಬೀದಿಯಲ್ಲಿ ನಿಂತರು.

ಜರ್ಮನಿ ಈ ವಿಷಯದಲ್ಲಿ ಒಳ್ಳೆಯ ಮೇಷ್ಟ್ರು. ಬರೀ ಭಾಷಾ ಕೋರ್ಸಿಗೆ ಬಂದವರಿಗೆ ವಾರಕ್ಕೆ 20 ಗಂಟೆ ಕೆಲಸದ ಅವಕಾಶ ಅಲ್ಲಿ ಸಿಕ್ಕಿದ್ದೇ 2024ರ ಮಾರ್ಚ್‌ನಲ್ಲಿ. ಹಾಗೆಂದು ಆ ದುಡಿಮೆಯನ್ನು ನಂಬಿ ವೀಸಾ ಕೊಡುವುದಿಲ್ಲ. ತಿಂಗಳಿಗೆ 1,091 ಯೂರೊ ಲೆಕ್ಕದಲ್ಲಿ ಇಡೀ ವರ್ಷದ 13,092 ಯೂರೊ ಮುಂಚಿತವಾಗಿ ಖಾತೆಯಲ್ಲಿ ಕಟ್ಟಿ ತೋರಿಸಬೇಕು. ಆಮೇಲೆ ಅದು ತಿಂಗಳ ಕಂತಿನಲ್ಲಷ್ಟೇ ಕೈಗೆ ಬರುತ್ತದೆ. ಅಂದರೆ ಕೆಲಸ ಸಿಗದೆ ಇರಬಹುದು ಎಂದು ಆ ಸರ್ಕಾರವೇ ಎಣಿಸಿಟ್ಟಿದೆ. ಎಣಿಸದೆ ಇರುವುದು ಇಲ್ಲಿನ ಏಜೆಂಟರು ಮಾತ್ರ. ಜರ್ಮನ್ ಕಲಿಯಲು ಹೋದವನಿಗೆ ಜರ್ಮನ್ ಬರುವುದಿಲ್ಲ ಎಂಬ ಕಾರಣಕ್ಕೇ ಅಂಗಡಿ, ಹೋಟೆಲಿನಲ್ಲಿ ಕೆಲಸ ಸಿಗುವುದು ತಡವಾಗುತ್ತದೆ. ಇದು ಯಾವ ಬ್ರೋಷರಿನಲ್ಲೂ ಇರುವುದಿಲ್ಲ.

ಯೂರೊಗೆ ನೂರೇ ರೂಪಾಯಿ ಹಿಡಿದರೂ ಜರ್ಮನಿ ಕೇಳುವ ಆ ಮೊತ್ತ 13 ಲಕ್ಷ ದಾಟುತ್ತದೆ. 2025ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ರೂಪಾಯಿ. ಅರಸೀಕೆರೆ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ, ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ 108 ಕ್ವಿಂಟಾಲ್ ಕೊಬ್ಬರಿ. ಮಾರುಕಟ್ಟೆ ದರ ಬೆಂಬಲ ಬೆಲೆಯನ್ನು ಹಿಂದಿಕ್ಕಿ ಓಡುವ ವರ್ಷಗಳೂ ಇವೆ, ನಿಜ. ಅಂಥ ವರ್ಷ ನೋಡಿಯೇ ಸಾಲದ ಧೈರ್ಯ ಬರುವುದು ಕೂಡ.

ಸಾಲದ ಬಾಗಿಲೂ ನೇರವಿಲ್ಲ. ಜಾಮೀನಿಲ್ಲದ ಶಿಕ್ಷಣ ಸಾಲ ಸಾಮಾನ್ಯವಾಗಿ ಏಳೂವರೆ ಲಕ್ಷಕ್ಕೆ ನಿಲ್ಲುತ್ತದೆ. ಮೇಲಿನದಕ್ಕೆ ಆಸ್ತಿ ಕೇಳುತ್ತಾರೆ. ಸಾಲ ವಸೂಲಿಗೆ ಬ್ಯಾಂಕುಗಳ ಕೈಯಲ್ಲಿರುವ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲವಾದ್ದರಿಂದ, ತೋಟದ ಪಹಣಿ ಹಿಡಿದು ಹೋದವರಿಗೆ ಮ್ಯಾನೇಜರು ಸೈಟು, ಮನೆ ಇದೆಯೇ ಎನ್ನುತ್ತಾರೆ. ಇಲ್ಲದವರು ಬಡ್ಡಿ ವ್ಯಾಪಾರಿಯ ಮನೆಗೆ ನಡೆಯುತ್ತಾರೆ. ಆ ಬಡ್ಡಿ ತಿಂಗಳ ಲೆಕ್ಕದ್ದು. ಟೋಕಿಯೊದ ಹುಡುಗನಿಗೆ ಕೆಲಸ ಸಿಕ್ಕಿತೋ ಇಲ್ಲವೋ ಕಾಯುವುದಿಲ್ಲ.

ಕೈಗೆ ನಗದು ಕೊಟ್ಟು, ಚೀಟಿ ಕೊಡದೆ ದುಡಿಸಿಕೊಳ್ಳುವವರು ಎಲ್ಲ ದೇಶದಲ್ಲೂ ಇದ್ದಾರೆ. ಅಂಥ ಕಡೆ ಸಂಬಳ ಮುರಿದುಕೊಂಡರೆ ಕೇಳಲು ದಾಖಲೆ ಇರುವುದಿಲ್ಲ, ಕೇಳಲು ಹೋದವನ ವೀಸಾಕ್ಕೇ ಕುತ್ತು. ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಬಳ್ಳಿಗಾವೆಯಿಂದ ದುಡಿಯಲು ಬಂದ ದಾಸೋಜ ಮತ್ತವನ ಮಗ ಚಾವಣ ತಾವು ಕಡೆದ ವಿಗ್ರಹಗಳ ಕೆಳಗೆ ಹೆಸರು ಕೊರೆದು ಹೋದರು. ಪರವೂರಿನಲ್ಲಿ ದುಡಿಯುವವನಿಗೆ ತನ್ನ ಹೆಸರಿನ ಒಂದು ಗುರುತು ಬೇಕು ಎಂಬುದು 900 ವರ್ಷದ ಹಿಂದಿನ ಕಲ್ಲುಕುಟಿಗರಿಗೂ ತಿಳಿದಿತ್ತು. ಇಂದಿನ ಭಾಷೆಯಲ್ಲಿ ಅದಕ್ಕೆ ಪೇ ಸ್ಲಿಪ್ ಎನ್ನುತ್ತಾರೆ.

ಹಾಗಾದರೆ ಹೊರಡುವ ಮನೆ ಏನು ಮಾಡಬೇಕು? ಮೊದಲ ವರ್ಷದ ಫೀಸು, ಬಾಡಿಗೆ, ಊಟದ ದುಡ್ಡು ಪೂರ್ತಿ ಕೈಯಲ್ಲಿರಬೇಕು, ಸಂಬಳವನ್ನು ಸೊನ್ನೆ ಎಂದೇ ಹಿಡಿಯಬೇಕು. ಬಂದರೆ ಅದು ಎರಡನೇ ವರ್ಷಕ್ಕೆ. ವೀಸಾಕ್ಕೆಂದು 'ತೋರಿಸುವ ದುಡ್ಡು' ಬಡ್ಡಿಗೆ ಕೊಡುತ್ತೇವೆ ಎನ್ನುವವರಿಂದ ದೂರ ಇರಬೇಕು.

ಭಾಷೆಯ ಅರ್ಧ ದಾರಿಯನ್ನು ಇಲ್ಲೇ ನಡೆದು ಮುಗಿಸಬಹುದು, ಅದು ಅಗ್ಗವೂ ಹೌದು. ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿಸುತ್ತಾರೆ, ಆನ್‌ಲೈನ್ ತರಗತಿಗಳೂ ಇವೆ. ಜಪಾನಿ ಭಾಷೆಯ ಜೆಎಲ್‌ಪಿಟಿ ಪರೀಕ್ಷೆ ಬೆಂಗಳೂರಿನಲ್ಲೇ ನಡೆಯುತ್ತದೆ; ಅದರ ಮೊದಲ ಮೆಟ್ಟಿಲಾದ ಎನ್‌5 ಅಥವಾ 150 ಗಂಟೆ ಕಲಿಕೆಯ ಪತ್ರವನ್ನು ಜಪಾನಿನ ಶಾಲೆಗಳು ಹೇಗೂ ಕೇಳುತ್ತವೆ. ಅದಕ್ಕಿಂತ ಒಂದೆರಡು ಮೆಟ್ಟಿಲು ಮೇಲೆ ಹತ್ತಿ ಹೋದವನಿಗೆ ಗೋದಾಮಿನ ಬದಲು ಅಂಗಡಿ ಕೌಂಟರಿನಲ್ಲಿ ಕೆಲಸ ಸಿಗುತ್ತದೆ, ಮಾತೂ ಪಳಗುತ್ತದೆ. ಪಳಗಿಸಿಕೊಳ್ಳಲು ಬೇಲೂರು, ಹಳೇಬೀಡಿನ ಮಕ್ಕಳಿಗೆ ಊರಲ್ಲೇ ಜನ ಸಿಗುತ್ತಾರೆ: 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಗುಡಿಗಳ ಅಂಗಳಕ್ಕೆ ಆ ದೇಶಗಳವರೇ ನಡೆದು ಬರುತ್ತಾರೆ.

ಕಡೆಯದಾಗಿ ಏಜೆಂಟರ ವಿಷಯ. 1983ರ ವಲಸೆ ಕಾಯ್ದೆಯ ಪ್ರಕಾರ ಹೊರದೇಶದ ಕೆಲಸಕ್ಕೆ ಜನ ಕಳಿಸುವವರು ಕೇಂದ್ರ ಸರ್ಕಾರದಲ್ಲಿ ನೋಂದಾಯಿಸಿರಬೇಕು. ಅವರು ಪಡೆಯಬಹುದಾದ ಸೇವಾ ಶುಲ್ಕಕ್ಕೂ 30,000 ರೂಪಾಯಿ ಮತ್ತು ಜಿಎಸ್‌ಟಿಯ ಮಿತಿ ಇದೆ. ಅಡ್ಮಿಷನ್ ಮಾತ್ರ ಮಾಡಿಸುವ ಕಚೇರಿಗಳು ಈ ನೋಂದಣಿಯ ಹೊರಗಿವೆ. ಅಂಥ ಕಚೇರಿಯವರು "ಕೆಲಸವನ್ನೂ ನಾವೇ ಕೊಡಿಸ್ತೀವಿ" ಎಂದರೆ ಮನೆಯ ಹಿರಿಯರು ಎರಡು ಸಂಗತಿ ಕೇಳಲಿ: ಇ-ಮೈಗ್ರೇಟ್ ಪೋರ್ಟಲ್‌ನಲ್ಲಿರುವ ನೋಂದಣಿ ಸಂಖ್ಯೆ, ಮತ್ತು ಈ ವೀಸಾದಲ್ಲಿ ವಾರಕ್ಕೆ ಎಷ್ಟು ಗಂಟೆ ದುಡಿಯಬಹುದು ಎಂದು ಲೆಟರ್‌ಹೆಡ್ ಮೇಲೆ ಸಹಿ ಹಾಕಿ ಬರೆದ ಒಂದು ಸಾಲು. ಆ ಕಾಗದ ಕೈಗೆ ಬರುವ ತನಕ ಪಾಸ್‌ಪೋರ್ಟೂ ಮುಂಗಡವೂ ಮನೆಯ ಬೀರುವಿನಲ್ಲೇ ಇರಲಿ.