ಬೆಲೆಯ ಜಾಗ ಖಾಲಿ ಇತ್ತು

ಕಳೆದ ಭಾನುವಾರ ನಮ್ಮ ಮನೆಯಲ್ಲಿ ಒಂದು ಪುಟ್ಟ ಜಗಳವಾಯಿತು. ಐದನೆಯ ತರಗತಿಯ ಮೊಮ್ಮಗಳು ಫೋನಿನಲ್ಲಿ ಯಾವುದೋ ಹೊಸ ಹಾಡು ಹಾಕಿದಳು. ಇಪ್ಪತ್ತು ಸೆಕೆಂಡು ಕೇಳಿರಬೇಕು, ಅಷ್ಟೇ. "ವೇಸ್ಟ್ ತಾತ" ಎಂದು ತೀರ್ಪು ಕೊಟ್ಟು ಮುಂದಿನದಕ್ಕೆ ಹಾರಿದಳು. ಅದೂ ವೇಸ್ಟ್. ಅದರ ಮುಂದಿನದು ಓಕೆ. ಐದು ನಿಮಿಷದಲ್ಲಿ ಒಂಬತ್ತು ಹಾಡುಗಳ ಹಣೆಬರಹ ಬರೆದು ಮುಗಿಸಿದಳು. "ನಾನು ಬ್ಯಾಂಕಿನಲ್ಲಿ ಒಂಬತ್ತು ಚೆಕ್ಕುಗಳನ್ನು ಇಷ್ಟು ಬೇಗ ಪಾಸು ಮಾಡಿದ್ದರೆ ಮ್ಯಾನೇಜರು ಅವತ್ತೇ ಮನೆಗೆ ಕಳಿಸುತ್ತಿದ್ದರು" ಎಂದೆ. ಚೆಕ್ಕು ಎಂದರೇನು ಎಂದು ಅವಳಿಗೆ ವಿವರಿಸುವುದರಲ್ಲಿ ಮತ್ತೆ ಹತ್ತು ನಿಮಿಷ ಹೋಯಿತು.

ಅವಳ ಅಪ್ಪ, ಅಂದರೆ ನನ್ನ ಮಗ, ಪೇಪರಿನಿಂದ ತಲೆ ಎತ್ತಿ, "ಅಪ್ಪಾ, ಅವಳಿಗೆ 2007ರ ಕಥೆ ಹೇಳು. ನೀನು ಸೊನ್ನೆ ಹಾಕಿಸಿದ ಕಥೆ" ಎಂದ. ಇಷ್ಟು ವರ್ಷವಾದರೂ ಮರೆತಿಲ್ಲ ಕಳ್ಳ. ಹೇಳಿದೆ. ಮಕ್ಕಳೇ, ನಿಮಗೂ ಹೇಳುತ್ತೇನೆ. ಅಜ್ಜ ಅಜ್ಜಿಯರೂ ಕೇಳಬಹುದು, ನನ್ನಂಥವರು ಇನ್ನೂ ಕೆಲವರು ಇದ್ದಾರು.

ಇಂಗ್ಲೆಂಡಿನ ಆಕ್ಸ್‌ಫರ್ಡ್ ಹತ್ತಿರ ಅಬಿಂಗ್ಡನ್ ಎಂಬ ಊರಿದೆ. ಅಲ್ಲಿನ ಒಂದು ಶಾಲೆಯ ಐವರು ಹುಡುಗರು 1985ರಲ್ಲಿ ಸೇರಿ ಒಂದು ರಾಕ್ ತಂಡ ಕಟ್ಟಿದರು. ಅವರಲ್ಲಿ ಇಬ್ಬರು ಅಣ್ಣತಮ್ಮಂದಿರು. ಶಾಲೆಯ ಸಂಗೀತದ ಕೋಣೆಯಲ್ಲಿ ಅಭ್ಯಾಸ ಮಾಡುತ್ತಿದ್ದದ್ದು ಶುಕ್ರವಾರ. ಹಾಗಾಗಿ ತಂಡಕ್ಕೆ 'ಆನ್ ಎ ಫ್ರೈಡೇ' ಎಂದೇ ಹೆಸರಿಟ್ಟರು. ನಮ್ಮ ಕಡೆ ಶುಕ್ರವಾರದ ಸಂತೆ ಎನ್ನುತ್ತೇವಲ್ಲ, ಹಾಗೆ. ಮುಂದೆ ಆ ಹೆಸರು ಬಿಟ್ಟು 'ರೇಡಿಯೋಹೆಡ್' ಆದರು. ಹಾಡುವವನು ಥಾಮ್ ಯಾರ್ಕ್. ಅಣ್ಣತಮ್ಮಂದಿರು ಕಾಲಿನ್ ಮತ್ತು ಜಾನಿ ಗ್ರೀನ್‌ವುಡ್. ಗಿಟಾರಿಗೆ ಎಡ್ ಒ'ಬ್ರಿಯನ್, ಡ್ರಮ್ಮಿಗೆ ಫಿಲ್ ಸೆಲ್ವೇ. ಅವತ್ತಿನಿಂದ ಇವತ್ತಿನವರೆಗೆ ಅದೇ ಐವರು. ನಮ್ಮ ಬಡಾವಣೆಯ ಹಿತರಕ್ಷಣಾ ಸಂಘ ಐದು ವರ್ಷದಲ್ಲಿ ಮೂರು ಹೋಳಾಗಿದೆ.

ನನ್ನ ಮಗ ಆಗ ಮೈಸೂರಿನಲ್ಲೇ ಇಂಜಿನಿಯರಿಂಗ್ ಓದುತ್ತಿದ್ದ. ಅವನ ಕೋಣೆಯ ಗೋಡೆಯ ಮೇಲೆ ದೇವರ ಪಟಕ್ಕಿಂತ ದೊಡ್ಡದಾಗಿ ಈ ಐವರ ಪಟ. 2003ರ ನಂತರ ಅವರ ಹೊಸ ಆಲ್ಬಮ್ ಬಂದಿರಲಿಲ್ಲ. ಆಲ್ಬಮ್ ಎಂದರೆ ಹಾಡುಗಳ ಒಂದು ಗೊಂಚಲು ಎನ್ನಿ. ನಮ್ಮ ಅಪ್ಪಂದಿರ ಕಾಲದಲ್ಲಿ ಒಂದು ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಮೂರೋ ನಾಲ್ಕೋ ನಿಮಿಷ ಮಾತ್ರ ಹಿಡಿಸುತ್ತಿತ್ತು. ದೊಡ್ಡ ಕೃತಿಯಾದರೆ ಹಲವು ತಟ್ಟೆಗಳನ್ನು ಫೋಟೋ ಆಲ್ಬಮ್ಮಿನಂಥ ಪುಸ್ತಕದಲ್ಲಿಟ್ಟು ಮಾರುತ್ತಿದ್ದರು. ಪುಸ್ತಕ ಹೋಯಿತು, ಹೆಸರು ಉಳಿಯಿತು.

2007ರ ಅಕ್ಟೋಬರ್ 1ನೇ ತಾರೀಖು ಜಾನಿ ಗ್ರೀನ್‌ವುಡ್ ಒಂದೆರಡು ಸಾಲಿನಲ್ಲಿ ಸುದ್ದಿ ಕೊಟ್ಟ: ಆಲ್ಬಮ್ ಸಿದ್ಧವಾಗಿದೆ, ಇನ್ನು ಹತ್ತು ದಿನಕ್ಕೆ ನಿಮ್ಮ ಕೈಗೆ. ಹೆಸರು 'ಇನ್ ರೇನ್‌ಬೋಸ್'. ಜಾಹೀರಾತಿಲ್ಲ, ಪತ್ರಿಕಾಗೋಷ್ಠಿಯಿಲ್ಲ. ಧ್ವನಿಮುದ್ರಣ ಕಂಪನಿಯ ಜೊತೆಗಿದ್ದ ಒಪ್ಪಂದ ಮುಗಿದಿದ್ದರಿಂದ ಅವರೇ ನೇರವಾಗಿ ಕಂಪ್ಯೂಟರಿಗೆ ಕಳಿಸುವವರು. ಕೊಳ್ಳುವ ಪುಟದಲ್ಲಿ ಬೆಲೆ ಇರಬೇಕಾದ ಜಾಗ ಖಾಲಿ. ಪಕ್ಕದಲ್ಲೊಂದು ಪ್ರಶ್ನೆ ಚಿಹ್ನೆ. ಅದನ್ನು ಒತ್ತಿದರೆ, ಅದು ನಿಮಗೆ ಬಿಟ್ಟದ್ದು ಎಂದು ಬರುತ್ತಿತ್ತು. ನಂಬದೆ ಮತ್ತೆ ಒತ್ತಿದರೆ, ನಿಜವಾಗಿಯೂ ನಿಮಗೇ ಬಿಟ್ಟದ್ದು ಎಂದು.

ಮಗ ನನ್ನ ಕ್ರೆಡಿಟ್ ಕಾರ್ಡ್ ಕೇಳಲು ಬಂದ. ನಾನು ವ್ಯವಹಾರಸ್ಥನಂತೆ ಕೇಳಿದೆ, "ಎಷ್ಟು?"

"ಎಷ್ಟಾದರೂ ಹಾಕಬಹುದು ಅಪ್ಪಾ. ಎರಡು ಪೌಂಡ್ ಹಾಕೋಣ ಅಂತಿದ್ದೀನಿ."

ಆಗ ಒಂದು ಪೌಂಡಿಗೆ ಹೆಚ್ಚುಕಡಿಮೆ 80 ರೂಪಾಯಿ. ದುಡ್ಡು ಕೊಟ್ಟರೆ ಕಾರ್ಡಿನ ಶುಲ್ಕವೆಂದು 45 ಪೆನ್ನಿ ಬೇರೆ. ಎರಡು ಪೌಂಡಿಗೆ 45 ಪೆನ್ನಿ ಶುಲ್ಕ! ನನ್ನೊಳಗಿನ ಬಿ.ಕಾಂ. ಎದ್ದು ಕೂತ. "ಸೊನ್ನೆ ಹಾಕಿದರೆ?" ಎಂದೆ. "ಸೊನ್ನೆ ಹಾಕಿದರೂ ಕೊಡುತ್ತಾರೆ. ಆಗ ಶುಲ್ಕವೂ ಇಲ್ಲ." "ಮತ್ತೇನು? ಸೊನ್ನೆ ಹಾಕು. ಅವರೇ ಕೇಳದೆ ಇರುವಾಗ ನೀನು ಯಾಕೆ ಮೇಲೆ ಬಿದ್ದು ಕೊಡುತ್ತೀ? ಸಾಹುಕಾರರು, ನಿನ್ನ 160 ರೂಪಾಯಿ ಇಲ್ಲದೆ ಉಪವಾಸ ಬೀಳುವುದಿಲ್ಲ."

ಅವನ ಮುಖ ಚಿಕ್ಕದಾಯಿತು. ಆದರೂ ಸೊನ್ನೆ ಹಾಕಿದ.

ಅಕ್ಟೋಬರ್ 10, ಬುಧವಾರ. ನವರಾತ್ರಿಗೆ ಇನ್ನೆರಡೇ ದಿನ. ನನ್ನಾಕೆ ಅಟ್ಟದ ಮೇಲಿನಿಂದ ಗೊಂಬೆಗಳ ಪೆಟ್ಟಿಗೆ ಇಳಿಸಿಕೊಂಡು ಹಾಲಿನಲ್ಲಿ ಕೂತಿದ್ದಳು. ಮಗನಿಗೆ ಅಂದು ತಲೆನೋವು, ಕಾಲೇಜಿಗೆ ರಜೆ. ತಲೆನೋವಿನವನು ಬೆಳಗಿನಿಂದ ಕಂಪ್ಯೂಟರಿನ ಮುಂದೆ! ಇಂಗ್ಲೆಂಡಿನಲ್ಲಿ ಬೆಳಗಾಗುತ್ತಿದ್ದಂತೆ ಎಲ್ಲರಿಗೂ ಕೊಂಡಿ ಬಂತು. ಸುಮಾರು 50 ಎಂಬಿ. ನಮ್ಮ ಮನೆಯ ಆಗಿನ ಇಂಟರ್‌ನೆಟ್ಟಿನಲ್ಲಿ ಇಳಿಯಲು ಅರ್ಧ ಗಂಟೆ ಬೇಕಾಯಿತು. ಹತ್ತು ಹಾಡು, ನಲವತ್ತೆರಡು ನಿಮಿಷ ಚಿಲ್ಲರೆ.

ಅದರಲ್ಲಿ ಒಂದು ವಿಶೇಷವಿತ್ತು. ವಾಡಿಕೆಯಂತೆ ಹೊಸ ಆಲ್ಬಮ್ಮನ್ನು ಪತ್ರಿಕೆಗಳ ವಿಮರ್ಶಕರಿಗೆ ವಾರಗಟ್ಟಲೆ ಮೊದಲೇ ಕಳಿಸುತ್ತಾರೆ. ಜನರು ಕೇಳುವ ಹೊತ್ತಿಗೆ, ಇದಕ್ಕೆ ಐದರಲ್ಲಿ ನಾಲ್ಕು ನಕ್ಷತ್ರ ಎಂದು ಅಚ್ಚಾಗಿ ಹೋಗಿರುತ್ತದೆ. ಈ ಸಲ ಲಂಡನ್ನಿನ ದೊಡ್ಡ ವಿಮರ್ಶಕನೂ ಮೈಸೂರಿನ ನನ್ನ ಮಗನೂ ಒಂದೇ ದಿನ ಕೇಳಿದರು. ಯಾರಿಗೂ ಇನ್ನೊಬ್ಬರ ಉತ್ತರ ಪತ್ರಿಕೆ ನೋಡಿ ಬರೆಯುವ ಅವಕಾಶವಿರಲಿಲ್ಲ. ಅಂದು ಹಗಲಿಡೀ ಅವನೂ ಅವನಂಥವರೂ ಒಬ್ಬರಿಗೊಬ್ಬರು ಬರೆದುಕೊಂಡದ್ದೇ ಬರೆದುಕೊಂಡದ್ದು. ಕೆಲವನ್ನು ನನಗೂ ಓದಿ ಹೇಳಿದ.

ಮೂರನೆಯ ಹಾಡಿನ ಹೆಸರು 'ನ್ಯೂಡ್'. ಅದನ್ನು 1998ರಿಂದಲೇ ಕಚೇರಿಗಳಲ್ಲಿ ಹಾಡುತ್ತಿದ್ದರಂತೆ, ಆದರೆ ಯಾವ ಆಲ್ಬಮ್ಮಿಗೂ ಹಾಕಿರಲಿಲ್ಲ. ಅಭಿಮಾನಿಗಳು ಕದ್ದು ಮಾಡಿದ ಧ್ವನಿಮುದ್ರಣದಲ್ಲೇ ಅದನ್ನು ಕೇಳಿ ಬಾಯಿಪಾಠ ಮಾಡಿದ್ದರು. ಸುಮಾರು ಹತ್ತು ವರ್ಷ ಕಾದ ಹಾಡು ಕೊನೆಗೂ ಬಂದಾಗ ಕೆಲವರು ಅತ್ತರು, ಕೆಲವರು ಹಳೆಯದೇ ಚೆನ್ನಾಗಿತ್ತು ಎಂದರು. 'ರೆಕನರ್' ಎಂಬ ಹೆಸರಿನ ಹಾಡನ್ನು 2001ರಲ್ಲಿ ಅಬ್ಬರದಿಂದ ನುಡಿಸಿದ್ದರು. ಈಗ ಅದೇ ಹೆಸರಿನಲ್ಲಿ ಬಂದದ್ದು ಬೇರೆಯೇ ಹಾಡು, ಮೆಲುದನಿಯದು. ಮೈಸೂರು ಪಾಕ್ ಎಂದು ಪೊಟ್ಟಣ ಬಿಚ್ಚಿದರೆ ಒಳಗೆ ಧಾರವಾಡ ಪೇಡ. ಪೇಡ ಎಷ್ಟೇ ಚೆನ್ನಾಗಿದ್ದರೂ ಮೊದಲ ತುತ್ತಿಗೆ ನಾಲಿಗೆ ಒಪ್ಪುವುದಿಲ್ಲ. ಇನ್ನು ಕೆಲವರಿಗೆ ಫೈಲಿನ ಗುಣಮಟ್ಟದ ಮೇಲೆ ತಕರಾರು. ಬಿಟ್ಟಿ ಪಡೆದವರ ತಕರಾರು ಕಾಸು ಕೊಟ್ಟವರದಕ್ಕಿಂತ ಗಟ್ಟಿಯಾಗಿತ್ತೋ ಏನೋ ಎಂದು ನನ್ನ ಗುಮಾನಿ.

ಕೊನೆಯ ಹಾಡು 'ವೀಡಿಯೋಟೇಪ್'. ಹಿಂದಿನ ವರ್ಷದ ಕಚೇರಿಗಳಲ್ಲಿ ಅದು ಮೆಲ್ಲಗೆ ಶುರುವಾಗಿ ಡ್ರಮ್ಮಿನ ಸಿಡಿಲಿನೊಂದಿಗೆ ಮುಗಿಯುತ್ತಿತ್ತಂತೆ. ಆಲ್ಬಮ್ಮಿನಲ್ಲಿ ಸಿಡಿಲಿಲ್ಲ. ಪಿಯಾನೋ, ಅದರ ಹಿಂದೆ ಹಳೆ ಯಂತ್ರ ತಡವರಿಸಿದಂಥ ಒಂದು ಸದ್ದು, ಅಷ್ಟರಲ್ಲಿ ಮುಗಿಯಿತು. "ಹಾಳು ಮಾಡಿಬಿಟ್ಟರು" ಎಂದು ಮಗ ತಲೆ ಮೇಲೆ ಕೈ ಹೊತ್ತು ಕೂತ. ಅವನಂತೆ ಕೂತವರು ಬಹಳ ಮಂದಿ.

ಸ್ಪೀಕರಿನಲ್ಲಿ ಒಂದು ಹಾಡು ನನಗೂ ಕೇಳಿಸಿದ. ಮೊದಲನೆಯದು, '15 ಸ್ಟೆಪ್'. ಟಕಟಕ, ಟಪಟಪ. ಬೆಲ್ಟು ಸಡಿಲವಾದ ಗಿರಣಿ. "ಇದಕ್ಕೆ ಸೊನ್ನೆಯೂ ಜಾಸ್ತಿಯಾಯಿತು" ಎಂದೆ. ನನ್ನ ಮೊದಲ ಅಭಿಪ್ರಾಯ ಅಷ್ಟೇ. ಆದರೆ ಹಾಲಿನಲ್ಲಿ ಪಟ್ಟದ ಗೊಂಬೆಯ ಸೆರಗು ಸರಿಮಾಡುತ್ತಿದ್ದ ನನ್ನಾಕೆ ಸುಮ್ಮನಾಗಿದ್ದಳು. ನೋಡಿದರೆ ಎಡಗೈಯಲ್ಲಿ ಗೊಂಬೆ, ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಿದೆ. "ಇದು ಐದರ ಎಣಿಕೆ ಕಣೋ. ತಕ ತಕಿಟ, ತಕ ತಕಿಟ. ಖಂಡಛಾಪಿನ ಹಾಗೆ" ಎಂದಳು. ಮದುವೆಗೆ ಮುಂಚೆ ಆರು ವರ್ಷ ಸಂಗೀತ ಕಲಿತವಳು. ಮಗ ಕಣ್ಣರಳಿಸಿದ. ಸಾಧಾರಣವಾಗಿ ರಾಕ್ ಹಾಡುಗಳು ನಾಲ್ಕರ ಎಣಿಕೆಯಲ್ಲಿ ನಡೆಯುತ್ತವೆ. ಇದು ಐದರಲ್ಲಿ ನಡೆಯುತ್ತದೆ ಎಂದು ಹಾಡು ಬಂದ ದಿನವೇ ಅಡುಗೆಮನೆಯ ಕಡೆಯಿಂದ ಹೇಳಿದವಳು ನಮ್ಮ ಮನೆಯಾಕೆ. ಮಕ್ಕಳೇ, ನೀವೂ ಕೈತಟ್ಟಿ ಎಣಿಸಿ ನೋಡಿ. ಅದೇ ಹಾಡಿನ ನಡುವೆ ಮಕ್ಕಳ ಗುಂಪೊಂದು 'ಹೇ' ಎಂದು ಕೂಗುತ್ತದೆ. ಆಕ್ಸ್‌ಫರ್ಡಿನ ಒಂದು ಸಂಗೀತ ಶಾಲೆಯ ಮಕ್ಕಳ ದನಿ ಅದು.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಅಂದಿನ ರಾತ್ರಿ ಊಟಕ್ಕೆ ಕೂತಾಗ ಮಗ ಕೇಳಿದ, "ಅಪ್ಪಾ, ಆ ಹುಣಸೂರು ಕಡೆಯ ರೈತನ ಕಥೆ ಹೇಳ್ತಿದ್ದೆಯಲ್ಲ, ಎಷ್ಟು ಜಾಸ್ತಿ ಕೊಟ್ಟಿದ್ದೆ ಅವನಿಗೆ?"

ನನ್ನ ಅನ್ನ ಗಂಟಲಲ್ಲೇ ನಿಂತಿತು. ನಾನು ಕ್ಯಾಷ್ ಕೌಂಟರಿನಲ್ಲಿದ್ದ ಕಾಲದ ಮಾತು. ಸಂಜೆ ಲೆಕ್ಕ ಹಾಕಿದರೆ 500 ರೂಪಾಯಿ ಕೊರತೆ. ಕ್ಯಾಷಿಯರನ ಕೊರತೆಯನ್ನು ಕ್ಯಾಷಿಯರನೇ ತುಂಬಬೇಕು. ಅದು ನನ್ನ ತಿಂಗಳ ಮನೆ ಬಾಡಿಗೆಗಿಂತ ಹೆಚ್ಚು. ಯಾರಿಗೆ ಹೆಚ್ಚು ಹೋಯಿತೆಂದು ತಿಳಿಯುವ ದಾರಿಯೇ ಇರಲಿಲ್ಲ. ಮಾರನೆಯ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಒಬ್ಬ ರೈತ ಮೆಟ್ಟಿಲ ಮೇಲೆ ಕೂತಿದ್ದ. ಹೊಗೆಸೊಪ್ಪಿನ ದುಡ್ಡು ತೆಗೆದುಕೊಂಡು ಹೋದವನು. ಮನೆಯಲ್ಲಿ ಎಣಿಸಿದಾಗ ಐದು ನೋಟು ಹೆಚ್ಚಿತ್ತಂತೆ. ಬಸ್ಸಿಗೆ ಕಾಸು ಹಾಕಿಕೊಂಡು ಕೊಡಲು ಬಂದಿದ್ದ. ಯಾರೂ ಕೇಳಿರಲಿಲ್ಲ, ಕೇಳುವಂತೆಯೂ ಇರಲಿಲ್ಲ. ಈ ಕಥೆಯನ್ನು ಮಗನಿಗೆ ನಾನೇ ಎಷ್ಟು ಸಲ ಹೇಳಿದ್ದೆನೋ.

"ಅದು ಬೇರೆ, ಇದು ಬೇರೆ" ಎಂದೆ. ಹೇಗೆ ಬೇರೆ ಎಂದು ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ. ಈಗಲೂ ಯೋಚಿಸುತ್ತೇನೆ: ಆ ತಂಡ ಬಿಟ್ಟಿ ತೆಗೆದುಕೊಳ್ಳಿ ಎಂದು ಬಾಯಿಬಿಟ್ಟು ಹೇಳಿತ್ತು, ನಾನು ರೈತನಿಗೆ ಹಾಗೆ ಹೇಳಿರಲಿಲ್ಲ. ಹಾಗಾಗಿ ವಾದಕ್ಕೆ ನಿಂತರೆ ನಾನು ಗೆಲ್ಲಬಹುದು. ಗೆದ್ದರೂ ಊಟ ಸೇರಲಿಲ್ಲ.

ಮುಂದಿನ ತಿಂಗಳು ಒಂದು ಸಮೀಕ್ಷೆ ಪತ್ರಿಕೆಗಳಲ್ಲಿ ಬಂತು. ಆ ಆಲ್ಬಮ್ ಇಳಿಸಿಕೊಂಡವರಲ್ಲಿ ನೂರಕ್ಕೆ 62 ಮಂದಿ ಏನೂ ಕೊಟ್ಟಿಲ್ಲ ಎಂದು. ಆ ಲೆಕ್ಕವೇ ತಪ್ಪು ಎಂದು ತಂಡ ಹೇಳಿತು. ಸರಿಯೋ ತಪ್ಪೋ, ಸೊನ್ನೆಯವರ ಪಟ್ಟಿಯಲ್ಲಿ ನನ್ನದೊಂದು ಕೈ ಇತ್ತಲ್ಲ. ಆದರೆ ಸುದ್ದಿ ನಾನು ಓದುವ ಹೊತ್ತಿಗೆ ನಮ್ಮ ಮನೆಯ ಖಾತೆ ಬದಲಾಗಿತ್ತು. ವಿಜಯದಶಮಿಯ ಮಾರನೆಯ ದಿನ ಮಗ ಎರಡು ನೂರರ ನೋಟು ತಂದು ನನ್ನ ಮುಂದಿಟ್ಟ. ಅಜ್ಜಿ ಹಬ್ಬಕ್ಕೆ ಕೊಟ್ಟ ದುಡ್ಡು. "ಎರಡು ಪೌಂಡು 45 ಪೆನ್ನಿ. 196 ರೂಪಾಯಿ. ಈಗ ಕಾರ್ಡ್ ಕೊಡು. ಹತ್ತು ದಿನ ಕೇಳಿದ್ದೀನಿ, ಈಗ ಬೆಲೆ ಗೊತ್ತು" ಎಂದ. ಕಾರ್ಡ್ ಕೊಟ್ಟೆ. ನಾಲ್ಕು ರೂಪಾಯಿ ಚಿಲ್ಲರೆ ಎಣಿಸಿ ವಾಪಸು ಕೊಟ್ಟೆ. ಕಾರ್ಡಿನ ಸ್ಟೇಟ್‌ಮೆಂಟ್ ಬಂದಾಗ ಇನ್ನೂ ಕೆಲವು ರೂಪಾಯಿ ಹೆಚ್ಚು ಬಿದ್ದಿತ್ತು. ಅದನ್ನು ನಾನೇ ತುಂಬಿದೆ, ಅವನಿಗೆ ತಿಳಿಸಲಿಲ್ಲ. ಈ ವಾರ ಓದಿ ತಿಳಿಯಲಿ.

ಆಲ್ಬಮ್ಮಿನ ಕಥೆಯನ್ನೂ ಮುಗಿಸಿಬಿಡುತ್ತೇನೆ. ಬಿಟ್ಟಿ ಹಂಚಿದ್ದನ್ನು ಯಾರು ಕೊಳ್ಳುತ್ತಾರೆ ಎಂದು ನಾನು ನಕ್ಕಿದ್ದೆ. ವರ್ಷದ ಕೊನೆಯಲ್ಲಿ ಅದೇ ಹಾಡುಗಳು ಸಿಡಿಯಾಗಿ ಅಂಗಡಿಗೆ ಬಂದಾಗ ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಮಾರಾಟದ ಪಟ್ಟಿಯ ತುದಿಗೇರಿತು. ಬಿ.ಕಾಂ.ನಲ್ಲಿ ನನಗೆ ಕಲಿಸಿದ ಬೇಡಿಕೆ ಪೂರೈಕೆಯ ಪಾಠದಲ್ಲಿ ಇದು ಇರಲಿಲ್ಲ.

ಅಭಿಮಾನಿಗಳ ಬುದ್ಧಿಯಂತೂ ಸುಮ್ಮನಿರುವಂಥದ್ದಲ್ಲ. ತಂಡದ ಹಳೆಯ ಆಲ್ಬಮ್ 'ಓಕೆ ಕಂಪ್ಯೂಟರ್' ಬಂದದ್ದು 1997ರಲ್ಲಿ, ಇದು 2007ರಲ್ಲಿ. ಮಧ್ಯೆ ಹತ್ತು ವರ್ಷ. ಬಂದದ್ದು ಹತ್ತನೆಯ ತಿಂಗಳ ಹತ್ತನೆಯ ದಿನ, ಸುದ್ದಿ ಕೊಟ್ಟ ಹತ್ತು ದಿನಕ್ಕೆ. ಹತ್ತು ಹಾಡು. ಎರಡೂ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ಅಕ್ಷರ ಎಣಿಸಿ, ಎರಡರಲ್ಲೂ ಹತ್ತು! ಹಾಗಾಗಿ ಎರಡು ಆಲ್ಬಮ್ಮಿನ ಹಾಡುಗಳನ್ನು ಒಂದು ಬಿಟ್ಟು ಒಂದರಂತೆ ಹೆಣೆದು ಕೇಳಬೇಕು ಎಂದು ಕೆಲವರು ವಾದಿಸಿದರು. ಕಾಕತಾಳೀಯ ಎಂದು ನನ್ನ ಮತ. ಮಗ ಒಪ್ಪುವುದಿಲ್ಲ.

ಅವನು ತಲೆ ಮೇಲೆ ಕೈ ಹೊತ್ತ 'ವೀಡಿಯೋಟೇಪ್' ಇದೆಯಲ್ಲ, ಅದರ ಗುಟ್ಟು ಅಭಿಮಾನಿಗಳಿಗೆ ತಿಳಿಯಲು ವರ್ಷಗಳೇ ಹಿಡಿದವು. ಪಿಯಾನೋದ ಪೆಟ್ಟನ್ನು ನಾವು ತಾಳದ ಪೆಟ್ಟೆಂದೇ ತಿಳಿಯುತ್ತೇವೆ. ನಿಜದಲ್ಲಿ ತಾಳ ಬೇರೆ ಕಡೆ ಇದೆ, ಪಿಯಾನೋ ಬೀಳುವುದು ಅರ್ಧ ಎಣಿಕೆ ಆಚೆ. ನುಡಿಸುವವರಿಗೇ ಎಣಿಕೆ ತಪ್ಪುವಷ್ಟು ಸೂಕ್ಷ್ಮ. ಮಗ ಇದನ್ನು ಹೇಳಿದಾಗ ನನ್ನಾಕೆ, "ಅರ್ಧ ಎಣಿಕೆ ಬಿಟ್ಟು ಎತ್ತಿಕೊಳ್ಳುವುದು ನಮ್ಮಲ್ಲಿ ಇಲ್ಲವೇ? ನಮ್ಮ ಮೇಷ್ಟ್ರು ಅದಕ್ಕೇ ತಾಳ ಬಿಡಬೇಡ ಅಂತ ಬೈಯುತ್ತಿದ್ದದ್ದು" ಎಂದಳು. ಈಗ ಅವನಿಗೆ ಹತ್ತರಲ್ಲಿ ಅತ್ಯಂತ ಇಷ್ಟವಾದದ್ದು ಅದೇ.

ಇಷ್ಟು ಹೇಳಿದ ಮೇಲೆ ಮೊಮ್ಮಗಳು, "ಹಾಕು ನೋಡೋಣ" ಎಂದಳು. ಹಾಕಿದೆವು. ಮಕ್ಕಳ ಕೂಗು ಬಂದಾಗ ಬೆಚ್ಚಿ ನಕ್ಕಳು. ಅಜ್ಜಿ ಅವಳ ಕೈ ಹಿಡಿದು ಐದು ಎಣಿಸಿದಳು, ಮೊಮ್ಮಗಳು ನಾಲ್ಕಕ್ಕೇ ತಪ್ಪಿದಳು, ಮತ್ತೆ ಎಣಿಸಿದಳು. ಎರಡನೆಯ ಹಾಡಿಗೆ ಕಿವಿ ಮುಚ್ಚಿಕೊಂಡಳು, ನಾನೂ ಮುಚ್ಚಿಕೊಂಡೆ. 'ನ್ಯೂಡ್' ಬಂದಾಗ ಏನೂ ಮಾತಾಡಲಿಲ್ಲ. ನಾಲ್ಕನೆಯದು ಮುಗಿಯುವಷ್ಟರಲ್ಲಿ ಅವರಮ್ಮ ಸ್ಕೂಲ್ ಬ್ಯಾಗ್ ಜೋಡಿಸಿಕೋ ಎಂದು ಕೂಗಿದಳು.

ಇನ್ನು ಆರು ಹಾಡು ಬಾಕಿ ಇದೆ. ಮುಂದಿನ ಭಾನುವಾರ.