ಮಾರಿದರೆ ಮುಗಿಯಿತೇ?

ಕಳೆದ ಬೇಸಿಗೆಯಲ್ಲಿ ನಮ್ಮ ಬಳಗವು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನಲ್ಲಿ ಪ್ರೌಢಶಾಲಾ ವಿದ್ಯಾರ್ಥಿಗಳಿಗಾಗಿ ಒಂದು ದಿನದ ಶಿಬಿರವನ್ನು ನಡೆಸಿತು. ಬೆಟ್ಟದ ಮೇಲಕ್ಕೆ ಖಾಸಗಿ ವಾಹನಗಳಿಗೆ ಪ್ರವೇಶವಿಲ್ಲ. ಎಂಥ ಸಿರಿವಂತನಾದರೂ ತನ್ನ ಕಾರನ್ನು ಕೆಳಗೆ ನಿಲ್ಲಿಸಿ ಸರಕಾರಿ ಬಸ್ಸನ್ನೇ ಹತ್ತಬೇಕು. ಇದನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ಕಾಡಿನ ನಡುವೆ ವಾಹನಗಳ ಸಂಖ್ಯೆ ತಗ್ಗಿದರೆ ಆಗುವ ಲಾಭಗಳ ಕುರಿತು ನಾನು ಅರ್ಧ ಗಂಟೆ ಮಾತನಾಡಿದೆ. ಮಾತು ಮುಗಿದ ಮೇಲೆ ನಮ್ಮ ಉಡಿಗಾಲದವಳೇ ಆದ ಒಬ್ಬ ಹುಡುಗಿ ಎದ್ದು ನಿಂತಳು.

"ಸಾರ್, ಎಲ್ಲರೂ ಬಸ್ಸಿನಲ್ಲಿ ಓಡಾಡಬೇಕು ಅಂತೀರಿ. ನಿಮ್ಮ ಕೊಟ್ಟಿಗೆಯಲ್ಲಿ ಇರೋ ಕಾರು ಮತ್ಯಾತಕ್ಕೆ?"

ಮಕ್ಕಳೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಉತ್ತರ ಹೊಳೆಯಲಿಲ್ಲ. 'ಹೇಳುವುದು ಶಾಸ್ತ್ರ, ಹಾಕುವುದು ಗಾಳ' ಎಂಬ ಗಾದೆ ನನಗೇ ಅನ್ವಯಿಸುವಂತಿತ್ತು. ಅಂದು ಹೇಳಲಾಗದ ಉತ್ತರವನ್ನು ಇಂದು ಇಲ್ಲಿ ಬರೆಯುತ್ತಿದ್ದೇನೆ.

ಆ ಕಾರು ನನ್ನ ಅಣ್ಣನದು. ಮೈಸೂರಿನಲ್ಲಿ ಉದ್ಯೋಗದಲ್ಲಿದ್ದ ಅವರು 2002ರಲ್ಲಿ ಕೊಂಡ ಹೋಂಡಾ ಸಿಟಿ ವಿಟೆಕ್. 1.5 ಲೀಟರಿನ ಆ ಎಂಜಿನ್ನಿಗೆ 106 ಅಶ್ವಶಕ್ತಿ. ಆ ಕಾಲದ ಮಾರುತಿ 800ರ ಎರಡು ಪಟ್ಟಿಗೂ ಹೆಚ್ಚು. ಎಂಜಿನ್ ವೇಗವಾಗಿ ಸುತ್ತತೊಡಗಿದಾಗ ಕವಾಟಗಳು ಇನ್ನಷ್ಟು ಎತ್ತರಕ್ಕೆ ತೆರೆದುಕೊಂಡು ಹೆಚ್ಚು ಗಾಳಿಯನ್ನು ಒಳಗೆ ಬಿಡುವ ಉಪಾಯವೇ ಅದರ ವೈಶಿಷ್ಟ್ಯ. ಅಂದಿನ ದಿನಗಳಲ್ಲಿ ವೇಗಪ್ರಿಯರ ಕನಸಿನ ವಾಹನ ಅದಾಗಿತ್ತು. ಅಣ್ಣ ಅದನ್ನು ಮಗುವಿನಂತೆ ನೋಡಿಕೊಂಡರು. ಎಣ್ಣೆ ಬದಲಿಸಿದ ದಿನ, ಟೈರು ಹಾಕಿಸಿದ ದಿನ, ತುಂಬಿಸಿದ ಪೆಟ್ರೋಲು, ಓಡಿದ ದೂರ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. 2019ರಲ್ಲಿ ಅವರು ತೀರಿಕೊಂಡಾಗ ಅತ್ತಿಗೆ ಕಾರನ್ನೂ ಪುಸ್ತಕವನ್ನೂ ನನ್ನ ಕೈಗಿತ್ತರು. ದನಗಳಿಲ್ಲದೆ ಬರಿದಾಗಿದ್ದ ಕೊಟ್ಟಿಗೆಗೆ ಹೀಗೆ ಹೊಸ ನಿವಾಸಿ ಬಂದಿತು.

ಶಿಬಿರ ಕಳೆದ ತಿಂಗಳಲ್ಲೇ ಮೈಸೂರಿನಿಂದ ಒಬ್ಬ ಯುವಕ ಕಾರನ್ನು ಹುಡುಕಿಕೊಂಡು ಬಂದ. ಎರಡೂವರೆ ಲಕ್ಷ ರೂಪಾಯಿ ಕೊಡುವೆನೆಂದ. ನಮ್ಮ ಒಂದೂವರೆ ಎಕರೆಗೆ ಕೃಷಿಹೊಂಡವನ್ನು ತೆಗೆಸಿ, ಹನಿ ನೀರಾವರಿಯನ್ನು ಹಾಕಿಸಬೇಕೆಂಬ ಮನೆಯಾಕೆಯ ಬಹುದಿನದ ಆಸೆಗೆ ಆ ಹಣ ಧಾರಾಳವಾಗಿ ಸಾಕಾಗುತ್ತಿತ್ತು. ಹುಡುಗಿಯ ಪ್ರಶ್ನೆಗೂ ಅದೇ ಉತ್ತರವಾಗುತ್ತಿತ್ತು. ಕಾರು ಮಾರಿದೆ, ಕೈ ತೊಳೆದುಕೊಂಡೆ ಎನ್ನಬಹುದಿತ್ತು.

ವಯಸ್ಸಿನ ಲೆಕ್ಕ, ಓಟದ ಲೆಕ್ಕ

ಹಳೆಯ ಕಾರು ಎಂದೊಡನೆ ಅದು ಪರಿಸರಕ್ಕೆ ಶತ್ರು ಎಂಬ ಭಾವನೆ ಬಲವಾಗಿ ಬೇರೂರಿದೆ. ಸರಕಾರದ ನೀತಿಯೂ ವಯಸ್ಸನ್ನೇ ಅಳೆಯುತ್ತದೆ. 15 ವರ್ಷ ದಾಟಿದ ಕಾರಿನ ನೋಂದಣಿಯನ್ನು ನವೀಕರಿಸುವ ಶುಲ್ಕ ಮೊದಲು 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ ಅದು 5,000 ಆಯಿತು. 20 ವರ್ಷ ಮೀರಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ ಅದನ್ನು 10,000ಕ್ಕೆ ಏರಿಸಲಾಯಿತು. ವರ್ಷಕ್ಕೆ ಎರಡು ಸಾವಿರ ಕಿಲೋಮೀಟರ್ ಓಡುವ ಕಾರಿಗೂ ಇಪ್ಪತ್ತು ಸಾವಿರ ಓಡುವ ಕಾರಿಗೂ ಶುಲ್ಕ ಒಂದೇ.

ವಿದ್ಯಾರ್ಥಿ ಮಿತ್ರರು ಇಲ್ಲಿ ಒಂದು ಸರಳ ಲೆಕ್ಕವನ್ನು ನನ್ನೊಡನೆ ಮಾಡಬೇಕು. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು 2.3 ಕಿಲೋ ಇಂಗಾಲದ ಡೈ ಆಕ್ಸೈಡ್ ಹೊರಬರುತ್ತದೆ. ಲೀಟರ್ ಪೆಟ್ರೋಲಿನ ತೂಕವೇ ಮುಕ್ಕಾಲು ಕಿಲೋ ಆಸುಪಾಸಿನದಾಗಿರುವಾಗ ಇದು ಹೇಗೆ ಸಾಧ್ಯವೆಂದು ಕೇಳಬಹುದು. ಪೆಟ್ರೋಲಿನ ಇಂಗಾಲವು ಗಾಳಿಯ ಆಮ್ಲಜನಕದೊಡನೆ ಕೂಡಿಕೊಳ್ಳುವುದರಿಂದ ತೂಕ ಹೆಚ್ಚುತ್ತದೆ. ಅಣ್ಣನ ಪುಸ್ತಕವನ್ನು ನಾನೂ ಮುಂದುವರಿಸಿದ್ದೇನೆ. ಅದರ ಪ್ರಕಾರ ಕಳೆದ ವರ್ಷ ನಮ್ಮ ಕಾರು ಓಡಿದ್ದು ಸುಮಾರು 2,000 ಕಿಲೋಮೀಟರ್. ಲೀಟರಿಗೆ 11 ಕಿಲೋಮೀಟರಿನಂತೆ 180 ಲೀಟರ್ ಪೆಟ್ರೋಲ್, ಅಂದರೆ ಸುಮಾರು 415 ಕಿಲೋ ಇಂಗಾಲದ ಡೈ ಆಕ್ಸೈಡ್.

ಇದನ್ನು ಮಾರಿ ಲೀಟರಿಗೆ 20 ಕಿಲೋಮೀಟರ್ ಓಡುವ ಹೊಸ ಕಾರನ್ನು ಕೊಂಡರೆ ವರ್ಷಕ್ಕೆ 185 ಕಿಲೋ ಉಳಿತಾಯವಾಗುತ್ತದೆ. ಆದರೆ ಹೊಸ ಕಾರು ಮರದಲ್ಲಿ ಬಿಡುವ ಹಣ್ಣಲ್ಲ. ಅದಿರನ್ನು ಅಗೆದು, ಉಕ್ಕನ್ನು ಕರಗಿಸಿ, ಗಾಜು, ರಬ್ಬರು, ಪ್ಲಾಸ್ಟಿಕ್ಕನ್ನು ತಯಾರಿಸಿ ಒಂದು ಕಾರನ್ನು ಕಟ್ಟುವಷ್ಟರಲ್ಲಿ ಐದಾರು ಟನ್ ಇಂಗಾಲದ ಡೈ ಆಕ್ಸೈಡ್ ಆಕಾಶ ಸೇರಿರುತ್ತದೆಂಬುದು ಸಾಮಾನ್ಯ ಅಂದಾಜು. ಐದೇ ಟನ್ ಎಂದು ಹಿಡಿದರೂ, ವರ್ಷಕ್ಕೆ 185 ಕಿಲೋ ಉಳಿತಾಯದಲ್ಲಿ ಆ ಸಾಲ ತೀರಲು 27 ವರ್ಷ ಬೇಕು!

ಅದೇ ಕಾರು ವರ್ಷಕ್ಕೆ 20,000 ಕಿಲೋಮೀಟರ್ ಓಡುವುದಾದರೆ ಉತ್ತರ ತಲೆಕೆಳಗಾಗುತ್ತದೆ. ಆಗ ಹೊಸ ಕಾರಿನ ಸಾಲ ಮೂರು ವರ್ಷದೊಳಗೇ ತೀರುತ್ತದೆ. ಹಾಗಾಗಿ ಹಳೆಯದನ್ನು ಇಟ್ಟುಕೊಳ್ಳುವುದು ಸರಿಯೋ ತಪ್ಪೋ ಎಂಬುದನ್ನು ಅದರ ವಯಸ್ಸಿಗಿಂತ ಅದರ ಓಟ ನಿರ್ಧರಿಸುತ್ತದೆ.

ಈ ಲೆಕ್ಕವನ್ನು ಮುಂದಿಟ್ಟು ನಾನು ಬೀಗುವಂತಿಲ್ಲ. ಇಂಗಾಲದ ಡೈ ಆಕ್ಸೈಡ್ ಒಂದೇ ಹೊಗೆಯಲ್ಲ. 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಭಾರತ್ ಸ್ಟೇಜ್ 6 ಮಾನದಂಡದ ಹತ್ತಿರಕ್ಕೂ 2002ರ ಕಾರು ಸುಳಿಯಲಾರದು. ಹೊಗೆಕೊಳವೆಯಲ್ಲಿರುವ ವಿಷಶೋಧಕವೂ ವಯಸ್ಸಾದಂತೆ ಕಸುವು ಕಳೆದುಕೊಳ್ಳುತ್ತದೆ. ಪೆಟ್ರೋಲ್ ಬಂಕುಗಳಲ್ಲಿ ಈಗ ಸಿಗುತ್ತಿರುವುದು ಶೇಕಡ 20ರಷ್ಟು ಎಥನಾಲ್ ಬೆರೆತ ಇಂಧನ. ಹಳೆಯ ಕಾರಿನ ರಬ್ಬರ್ ಕೊಳವೆಗಳಿಗೆ ಅದು ಒಗ್ಗದು. ನೀರನ್ನು ಹೀರಿಕೊಳ್ಳುವ ಗುಣವಿರುವುದರಿಂದ ಬಹುದಿನ ನಿಂತ ವಾಹನಕ್ಕೆ ಇನ್ನಷ್ಟು ತೊಂದರೆ. ಕಳೆದ ವರ್ಷ ಕೊಳವೆಗಳನ್ನೂ ಸೀಲುಗಳನ್ನೂ ಬದಲಿಸಬೇಕಾಯಿತು. ಹಳೆಯದನ್ನು ಉಳಿಸಿಕೊಳ್ಳುವುದು ಪುಕ್ಕಟೆಯ ಪುಣ್ಯವಲ್ಲ.

ಕಾರು ಎಲ್ಲಿಗೆ ಹೋಗುತ್ತದೆ?

ಹಾಗಾದರೆ ಕಾರನ್ನು ಮಾರಿ, ಹೊಸದನ್ನೂ ಕೊಳ್ಳದೆ, ಬಸ್ಸಿನಲ್ಲೇ ಓಡಾಡಬಾರದೇ? ನಮ್ಮ ಬಳಗದ ಹಿರಿಯ ಮಿತ್ರರೊಬ್ಬರು ಕೇಳಿದ ಈ ಪ್ರಶ್ನೆ ಮೇಲಿನ ಲೆಕ್ಕಕ್ಕಿಂತ ಗಟ್ಟಿಯಾದದ್ದು. ಬಹಳ ದಿನ ನನ್ನನ್ನು ಕಾಡಿದ್ದೂ ಇದೇ.

ಉತ್ತರ ಕೊಟ್ಟವನು ಕಾರು ಕೊಳ್ಳಲು ಬಂದ ಯುವಕನೇ. ಅವನು ಒಳ್ಳೆಯ ಹುಡುಗ; ಯಂತ್ರದ ಮರ್ಮ ಬಲ್ಲವನು. ಬಾನೆಟ್ ತೆರೆದು ನೋಡಿ, "ಎಷ್ಟು ಚೆನ್ನಾಗಿ ಇಟ್ಟಿದ್ದೀರಿ ಸಾರ್" ಎಂದು ಮನಸಾರೆ ಮೆಚ್ಚಿದ. ಆಮೇಲೆ ತನ್ನ ಯೋಜನೆಯನ್ನು ಹೇಳಿದ. ಹೊಗೆಕೊಳವೆಯನ್ನು ಕಿತ್ತು ಗುಡುಗುವಂಥ ಬೇರೆಯದನ್ನು ಕೂರಿಸುವುದು. ವಾರಕ್ಕೊಮ್ಮೆ ಗೆಳೆಯರೊಡನೆ ಬಂಡೀಪುರ ದಾಟಿ, ಮಸಿನಗುಡಿಯಿಂದ ಕಲ್ಹಟ್ಟಿಗೆ ಏರುವ 36 ತಿರುವುಗಳಲ್ಲಿ ಓಡಿಸುವುದು. "ಈ ಗಾಡಿ ಊಟಿ ರಸ್ತೆಗೇ ಹೇಳಿ ಮಾಡಿಸಿದ್ದು ಸಾರ್" ಎಂದ.

ಓದುಗರಿಗೆ ಆ ರಸ್ತೆಯ ಕಥೆ ಗೊತ್ತು. ಬಂಡೀಪುರದ ಮೂಲಕ ಹಾಯುವ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರವನ್ನು ನಿಷೇಧಿಸಲು 2009ರಲ್ಲಿ ಆದೇಶವಾಯಿತು. 2010ರಲ್ಲಿ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಚಕ್ರಕ್ಕೆ ಸಿಕ್ಕಿ ಸತ್ತ ಜಿಂಕೆ, ಚಿರತೆ, ಆನೆಮರಿಗಳ ಸಾಲು ಸಾಲು ಉದಾಹರಣೆಗಳು ಆ ನಿಷೇಧದ ಹಿಂದಿವೆ. ಅದನ್ನು ಸಡಿಲಿಸಬೇಕೆಂಬ ಒತ್ತಡ ಮತ್ತೆ ಮತ್ತೆ ಬಂದಾಗ ನಾವೆಲ್ಲ ಗುಂಡ್ಲುಪೇಟೆಯಲ್ಲಿ ಕೂಡಿ ವಿರೋಧಿಸಿದ್ದೇವೆ. ನಿಷೇಧವಿರುವುದು ರಾತ್ರಿಗೆ ಮಾತ್ರ. ಮುಂಜಾನೆ ಆರಕ್ಕೆ ಗೇಟು ತೆರೆದೊಡನೆ ನುಗ್ಗುವ, ಸಂಜೆ ಗೇಟು ಮುಚ್ಚುವ ಮುನ್ನ ದಾಟಲು ಧಾವಿಸುವ ವಾಹನಗಳ ವೇಗಕ್ಕೆ ಕಡಿವಾಣವಾಗಿರುವುದು ರಸ್ತೆಯುಬ್ಬುಗಳು ಮತ್ತು ಚಾಲಕನ ವಿವೇಕ, ಇವೆರಡೇ.

ಎರಡೂವರೆ ಲಕ್ಷ ರೂಪಾಯಿಗೆ ನಾನು ಮಾರುತ್ತಿದ್ದುದು ಈ ವೇಗವನ್ನು ಎಂಬುದು ಆಗ ಅರಿವಾಯಿತು. ಮಾರಾಟದಿಂದ ಭೂಮಿಯ ಮೇಲೆ ಒಂದು ಕಾರೂ ಕಡಿಮೆಯಾಗುವುದಿಲ್ಲ. ಕೊಟ್ಟಿಗೆಯಲ್ಲಿ ತೂಕಡಿಸುತ್ತಿದ್ದ ವಾಹನ ಕಾಡಿನ ರಸ್ತೆಗೆ ಇಳಿಯುತ್ತದೆ. ನನ್ನ ಮನೆ ಶುದ್ಧವಾಗುತ್ತದೆ, ಆನೆಯ ದಾರಿಗೆ ಇನ್ನೊಂದು ಆಪತ್ತು ಸೇರುತ್ತದೆ. ನಗರದ ಕಸವನ್ನು ಹಳ್ಳಿಯ ಅಂಚಿಗೆ ಸುರಿದು 'ಸ್ವಚ್ಛ ನಗರ' ಎಂಬ ಫಲಕ ಹಾಕಿಕೊಳ್ಳುವವರನ್ನು ಟೀಕಿಸುವ ನಾವು ಇದನ್ನೇ ಮಾಡಬಹುದೇ?

ಕಾನೂನು ಕೂಡ ಈ ವಿಷಯದಲ್ಲಿ ನಿಷ್ಠುರವಾಗಿದೆ. ಕೊಂಡವನು ನೋಂದಣಿಯನ್ನು ತನ್ನ ಹೆಸರಿಗೆ ವರ್ಗಾಯಿಸಿಕೊಳ್ಳದಿದ್ದರೆ, ಅಪಘಾತದ ಪರಿಹಾರದ ಹೊಣೆ ದಾಖಲೆಯಲ್ಲಿರುವ ಹಳೆಯ ಮಾಲೀಕನದೇ ಎಂದು 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿದೆ. ಹಳ್ಳಿಗಳಲ್ಲಿ ಬೈಕು, ಟ್ರ್ಯಾಕ್ಟರುಗಳನ್ನು ಬಿಳಿ ಹಾಳೆಯ ಮೇಲೆ ಸಹಿ ಹಾಕಿ ಮಾರಿಬಿಡುವ ನಮ್ಮವರು ಇದನ್ನು ಅಗತ್ಯವಾಗಿ ನೆನಪಿಡಬೇಕು. ಆದರೆ ಹೆಸರು ವರ್ಗಾವಣೆಯೊಡನೆ ಕಾನೂನಿನ ಹೊಣೆ ಮುಗಿಯಬಹುದು. ಆತ್ಮಸಾಕ್ಷಿಯ ಹೊಣೆಗೆ ಅಂಥ ಅರ್ಜಿ ನಮೂನೆ ಯಾವ ಕಚೇರಿಯಲ್ಲೂ ಸಿಗುವುದಿಲ್ಲ.

ಮೂರನೆಯ ದಾರಿ

ಕಾರನ್ನು ನಿಜವಾಗಿ ಇಲ್ಲವಾಗಿಸುವ ದಾರಿಯೊಂದಿದೆ: ಗುಜರಿ. 2021ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ ಪ್ರಕಟಿಸಿದ ನೀತಿಯಂತೆ ನೋಂದಾಯಿತ ಗುಜರಿ ಕೇಂದ್ರಕ್ಕೆ ವಾಹನವನ್ನು ಒಪ್ಪಿಸಿದರೆ ಪ್ರಮಾಣಪತ್ರ ದೊರೆಯುತ್ತದೆ. ಹೊಸ ವಾಹನ ಕೊಂಡರೆ ತೆರಿಗೆಯಲ್ಲಿ ರಿಯಾಯಿತಿಯೂ ಉಂಟು. ಬೀದಿಬದಿಯ ಗುಜರಿಯಲ್ಲಾಗುವಂತೆ ಎಣ್ಣೆಯನ್ನು ನೆಲಕ್ಕೆ ಚೆಲ್ಲಿ, ತಂತಿಯನ್ನು ಬಯಲಲ್ಲಿ ಸುಡದೆ, ಉಕ್ಕು ಮತ್ತೆ ಕುಲುಮೆ ಸೇರಬೇಕೆಂಬುದು ಅದರ ಆಶಯ. ಒಂದು ದಿನ ನಮ್ಮ ಕಾರಿಗೂ ಅದೇ ಗತಿ, ಅದೇ ಸದ್ಗತಿ.

ಆದರೆ ಇಂದೇ ಏಕಲ್ಲ? ಏಕೆಂದರೆ ನಮಗೆ ಅದರ ಅಗತ್ಯ ಸ್ವಲ್ಪ ಉಳಿದಿದೆ. ಉಡಿಗಾಲದಿಂದ ಚಾಮರಾಜನಗರಕ್ಕೋ ತೆರಕಣಾಂಬಿ, ಗುಂಡ್ಲುಪೇಟೆಗೋ ಹಗಲಿನಲ್ಲಿ ಬಸ್ಸು ಸಾಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಂದಿನಿಂದ ನಮ್ಮ ಮನೆಯ ಹೆಂಗಸರು ಕಾರಿನತ್ತ ತಿರುಗಿಯೂ ನೋಡುವುದಿಲ್ಲ. ಆದರೆ ಕೊನೆಯ ಬಸ್ಸು ಹೋದ ಮೇಲೆ ಊರಿನಲ್ಲಿ ಹೆರಿಗೆ ನೋವು, ಹಾವಿನ ಕಡಿತ, ಎದೆನೋವು ನಿಲ್ಲುವುದಿಲ್ಲ. 108ಕ್ಕೆ ಕರೆ ಮಾಡಿ ಕಾಯುವ ಹೊತ್ತಿನಲ್ಲಿ ನಮ್ಮ ಕಾರು ಕಳೆದ ವರ್ಷ ನಾಲ್ಕು ಸಲ ಆಸ್ಪತ್ರೆಗೆ ಓಡಿದೆ. ಎರಡು ಸಾವಿರ ಕಿಲೋಮೀಟರಿನಲ್ಲಿ ಈ ನಾಲ್ಕು ಓಟಗಳಿಗೆ ಮಾತ್ರ ನನಗೆ ಪೂರ್ಣ ಸಮರ್ಥನೆ ಇದೆ. ಮದುವೆಗೆ ಹೋದದ್ದು, ಮೈಸೂರಿಗೆ ಹೋದದ್ದು ಎಲ್ಲವೂ ಬಸ್ಸಿನಲ್ಲಿ ಆಗಬಹುದಾಗಿದ್ದವು. ಪುಸ್ತಕ ನೋಡಿದಾಗ ನಾಚಿಕೆಯಾಯಿತು.

ಆದ್ದರಿಂದ ನಮ್ಮ ಮನೆಯ ತೀರ್ಮಾನ ಹೀಗಿದೆ. ಕಾರನ್ನು ಮಾರುವುದಿಲ್ಲ. ಅದರ ನೋಂದಣಿ 2027ರವರೆಗಿದೆ. ಅಲ್ಲಿಯವರೆಗೆ ವರ್ಷಕ್ಕೆ 1,000 ಕಿಲೋಮೀಟರ್ ಮೀರುವುದಿಲ್ಲ. ಬಸ್ಸಿರುವ ಹೊತ್ತಿನಲ್ಲಿ, ಬಸ್ಸಿರುವ ದಾರಿಯಲ್ಲಿ ಅದನ್ನು ತೆಗೆಯುವುದಿಲ್ಲ. ಕಾಡಿನ ರಸ್ತೆಗೆ ವಿಹಾರಕ್ಕೆಂದು ಒಯ್ಯುವುದಿಲ್ಲ. ಹೊಗೆ ತಪಾಸಣೆಯಲ್ಲಿ ಸೋತ ದಿನವೇ ಗುಜರಿ ಕೇಂದ್ರಕ್ಕೆ. ಗೆದ್ದರೂ 2027ರಲ್ಲಿ ಪುಸ್ತಕವನ್ನು ಮತ್ತೆ ತೆರೆದು ನೋಡಿ, ಆಸ್ಪತ್ರೆಯ ಓಟಗಳಿಗೆ ಊರಿನಲ್ಲಿ ಬೇರೆ ವ್ಯವಸ್ಥೆ ಆಗಿದ್ದರೆ ಆಗಲೂ ಗುಜರಿಗೆ.

ಕೃಷಿಹೊಂಡಕ್ಕೆ ಸಹಕಾರ ಸಂಘದಲ್ಲಿ ಸಾಲ ಕೇಳಿದ್ದೇವೆ. ಮನೆಯಾಕೆ ಒಪ್ಪಿದ್ದಾಳೆ, ಸಂತೋಷದಿಂದಲ್ಲ. "ಆನೆಗೆ ಒಳ್ಳೆಯದಾಗಲಿ ಸರಿ, ಬಡ್ಡಿ ಕಟ್ಟೋದು ಆನೆಯಲ್ಲ" ಎಂದಳು. ಅವಳ ಮಾತಿನಲ್ಲಿ ಸತ್ಯವಿದೆ. ಅದನ್ನು ಮುಚ್ಚಿಟ್ಟು ಈ ಲೇಖನ ಬರೆದರೆ ಅದು ಪ್ರಾಮಾಣಿಕವಾಗದು. ಹಣದ ತುರ್ತು ಇನ್ನೂ ಹೆಚ್ಚಾಗಿದ್ದ ಮನೆಯವರು ಮಾರಿದರೆ ನಾನು ದೂಷಿಸಲಾರೆ. ಮಾರುವ ಮುನ್ನ 'ಎಲ್ಲಿಗೆ ಹೋಗುತ್ತದೆ, ಎಷ್ಟು ಓಡುತ್ತದೆ' ಎಂದು ಕೇಳಲಿ ಎಂಬುದಷ್ಟೇ ನನ್ನ ಕೋರಿಕೆ.

ಸರಕಾರಕ್ಕೂ ಎರಡು ಮಾತು. ವಯಸ್ಸಿಗೆ ದಂಡ ವಿಧಿಸುವ ಬದಲು ಓಟಕ್ಕೂ ಹೊಗೆಗೂ ಶುಲ್ಕ ಕಟ್ಟುವ ಪದ್ಧತಿ ಬರಲಿ. ಅದಕ್ಕೂ ಮೊದಲು ನಮ್ಮ ಊರುಗಳಿಗೆ ರಾತ್ರಿಯ ಒಂದು ಬಸ್ಸು, ಹೋಬಳಿಗೊಂದು ನಂಬಲರ್ಹ ಆಂಬುಲೆನ್ಸ್ ಬರಲಿ. ಅಷ್ಟು ಬಂದರೆ ಎಷ್ಟೋ ಕೊಟ್ಟಿಗೆಗಳಲ್ಲಿ ಕಾರು ನಿಲ್ಲಿಸಿಕೊಳ್ಳುವ ನೆಪವೇ ಉಳಿಯದು.

ಶಿಬಿರದಲ್ಲಿ ಪ್ರಶ್ನೆ ಕೇಳಿದ ಹುಡುಗಿಗೆ ಅಣ್ಣನ ಪುಸ್ತಕವನ್ನು ತೋರಿಸಿದ್ದೇನೆ. ಪ್ರತಿ ತಿಂಗಳ ಮೊದಲ ಭಾನುವಾರ ಬಂದು ಓಟದ ಅಂಕಿಯನ್ನು ತಾನೇ ನೋಡಿ ಬರೆದು ಸಹಿ ಹಾಕುವುದಾಗಿ ಅವಳು ಒಪ್ಪಿಕೊಂಡಿದ್ದಾಳೆ. ಕಳೆದ ತಿಂಗಳು 46 ಕಿಲೋಮೀಟರ್. "ಇದರಲ್ಲಿ ತೆರಕಣಾಂಬಿ ಸಂತೆಗೆ ಹೋಗಿದ್ದು ಯಾತಕ್ಕೆ ಸಾರ್, ಬಸ್ಸಿತ್ತಲ್ಲ?" ಎಂದು ಕೇಳಿದಳು. ಈರುಳ್ಳಿ ಮೂಟೆಯ ಕಾರಣ ಹೇಳಿದೆ. ಅವಳು ಅದನ್ನೂ ಬರೆದುಕೊಂಡಳು.